ಬ್ಯಾನ್ಫಿನಲ್ಲಿ ಡೇರೆ ಹಾಕಿದವರು

ಕ್ಯಾಲ್ಗರಿಯಲ್ಲಿ ನೆಂಟರೋ ಗೆಳೆಯರೋ ಇದ್ದವರಿಗೆ ಬ್ಯಾನ್ಫ್ ಹೊಸ ಹೆಸರಲ್ಲ. ಸುತ್ತ ಹಿಮದ ಬೆಟ್ಟ, ನಡುವೆ ಯಾರೋ ಬಣ್ಣ ಕದಡಿ ಬಿಟ್ಟಂತೆ ಕಾಣುವ ಹಸಿರುನೀಲಿ ಕೆರೆ, ಅದರ ಮುಂದೆ ಸ್ವೆಟರ್ ತೊಟ್ಟು ನಿಂತ ನಮ್ಮವರು. ಬೇಸಿಗೆ ಬಂತೆಂದರೆ ವಾಟ್ಸಾಪಿನಲ್ಲಿ ಈ ಫೋಟೊ ತಪ್ಪದೆ ಬರುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, ಕ್ಯಾಲ್ಗರಿಯಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದಾರಿಯಲ್ಲಿರುವ ಈ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟದ ಕೆರೆಗಳೂ ಇವೆ, ಬಿಸಿನೀರಿನ ಬುಗ್ಗೆಗಳೂ ಇವೆ. ಹಗಲು ಕೆರೆ ದಂಡೆಯಲ್ಲಿ ನಡೆದು, ಸಂಜೆ ಬಿಸಿನೀರಿನಲ್ಲಿ ಕೂತು, ರಾತ್ರಿ ಡೇರೆಯಲ್ಲೋ ಮರದ ಮನೆಯಲ್ಲೋ ಮಲಗಬಹುದು.

ಆದರೆ ಆ ಡೇರೆಯ ಜಾಗ ಸಿಗಬೇಕಲ್ಲ. ಜುಲೈ, ಆಗಸ್ಟಿನಲ್ಲಿ ಹೋಗುವವರು ಚಳಿಗಾಲದಲ್ಲೇ ಬುಕಿಂಗ್ ಯಾವಾಗ ತೆರೆಯುತ್ತದೆಂದು ಕಾಯುತ್ತಾರೆ. ಇಲ್ಲಿ ಒಂದು ರಾತ್ರಿ ತಂಗಲು ಯಾರಿಗೆ ಅವಕಾಶ, ಯಾರಿಗಿಲ್ಲ ಎಂಬ ಪ್ರಶ್ನೆ ಮಾತ್ರ ಬುಕಿಂಗಿಗಿಂತ ಬಹಳ ಹಳೆಯದು. ಬ್ಯಾನ್ಫಿನ ಇತಿಹಾಸವನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡೇ ಹೇಳಬಹುದು.

1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಹಳಿ ಬೋ ನದಿಯ ಕಣಿವೆಗೆ ಬಂದು ಮುಟ್ಟಿತು. ಆ ರೈಲ್ವೆಯಲ್ಲಿ ದುಡಿಯುತ್ತಿದ್ದ ಫ್ರಾಂಕ್ ಮೆಕೇಬ್, ವಿಲಿಯಂ ಮತ್ತು ಥಾಮಸ್ ಮೆಕಾರ್ಡೆಲ್ ಸೋದರರು ಬೆಟ್ಟದ ಬುಡದಲ್ಲಿ ಗಂಧಕದ ವಾಸನೆಯ ಬಿಸಿನೀರನ್ನು ಕಂಡರು. (ಪುತ್ತೂರು ಕಡೆಯ ಬೆಂದ್ರ್ ತೀರ್ಥಕ್ಕೆ ಹೋದವರಿಗೆ ಈ ವಾಸನೆಯ ಪರಿಚಯ ಇರುತ್ತದೆ.) ನೆಲದಲ್ಲೊಂದು ರಂಧ್ರ, ಅದರೊಳಗೆ ಗುಹೆ, ಗುಹೆಯಲ್ಲಿ ಬೆಚ್ಚನೆಯ ಕೊಳ. ಮರದ ಕಾಂಡವೊಂದನ್ನು ಏಣಿಯಂತೆ ಇಳಿಬಿಟ್ಟು ಒಳಗೆ ಇಳಿದರು. ಆಮೇಲೆ ಜಾಗ ತಮ್ಮದೆಂದು ಹೇಳಿಕೊಳ್ಳಲು ಹತ್ತಿರದಲ್ಲೇ ಮರದ ದಿಮ್ಮಿಗಳ ಗುಡಿಸಲೊಂದನ್ನು ಕಟ್ಟಿದರು. ಬುಗ್ಗೆಗೆ ಗಿರಾಕಿ ಬರುತ್ತಾರೆ, ದುಡ್ಡಾಗುತ್ತದೆ ಎಂಬುದು ಅವರಿಗೆ ಕೂಡಲೇ ಹೊಳೆದಿತ್ತು. ಬೇರೆಯವರಿಗೂ ಹೊಳೆಯಿತು, ಜಗಳ ಹುಟ್ಟಿತು.

ಜಗಳ ಬಿಡಿಸಲು ಬಂದ ಸರ್ಕಾರ ಬುಗ್ಗೆಯನ್ನು ತಾನೇ ಇಟ್ಟುಕೊಂಡಿತು. 1885ರ ನವೆಂಬರಿನಲ್ಲಿ ಬುಗ್ಗೆಗಳ ಸುತ್ತಲಿನ ಸುಮಾರು 26 ಚದರ ಕಿಲೋಮೀಟರ್ ಜಾಗವನ್ನು ಕಾದಿರಿಸಿತು. 1887ರಲ್ಲಿ ಕಾಯ್ದೆ ಮಾಡಿ ಅದನ್ನು 673 ಚದರ ಕಿಲೋಮೀಟರಿಗೆ ಹಿಗ್ಗಿಸಿ, ಕೆನಡಾದ ಜನರ ಅನುಕೂಲ, ವಿಹಾರಕ್ಕೆ ಮೀಸಲೆಂದು ಬರೆಯಿತು. ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹೀಗೆ. ಕಾಡು ಉಳಿಸಬೇಕೆಂಬ ಕಾಳಜಿಗಿಂತ ಬಿಸಿನೀರಿನ ಲೆಕ್ಕಾಚಾರವೇ ಅಲ್ಲಿ ದೊಡ್ಡದಿತ್ತು. ಮರುವರ್ಷವೇ ರೈಲ್ವೆ ಕಂಪನಿ ಬ್ಯಾನ್ಫ್ ಸ್ಪ್ರಿಂಗ್ಸ್ ಹೋಟೆಲು ತೆರೆಯಿತು. ಕಟ್ಟುವಾಗ ನಕ್ಷೆ ತಿರುವುಮುರುವಾಗಿ, ನದಿಯ ಅಂದದ ನೋಟ ಅತಿಥಿಗಳಿಗೆ ಸಿಗುವ ಬದಲು ಅಡುಗೆಯವರಿಗೆ ಸಿಕ್ಕಿತ್ತಂತೆ ಎಂದು ಅಲ್ಲಿಯವರು ಈಗಲೂ ಹೇಳಿ ನಗುತ್ತಾರೆ. ರೈಲಿನ ಟಿಕೆಟು, ಹೋಟೆಲಿನ ಕೋಣೆ, ಬುಗ್ಗೆಯ ಸ್ನಾನ ಎಲ್ಲ ಸೇರಿ ಒಂದೇ ವ್ಯಾಪಾರ.

ಆ ಮೂವರು ‘ಕಂಡುಹಿಡಿದರು’ ಎಂದು ಬೋರ್ಡುಗಳಲ್ಲಿ ಬರೆಯುವುದು ವಾಡಿಕೆ. ಆದರೆ ಅಲ್ಲೇ ಹತ್ತಿರದ ಮಿನೆವಾಂಕಾ ಕೆರೆಯ ದಂಡೆಯಲ್ಲಿ ಹತ್ತು ಸಾವಿರ ವರ್ಷಕ್ಕೂ ಹಿಂದೆ ಜನ ಬೀಡುಬಿಟ್ಟಿದ್ದಕ್ಕೆ ಕುರುಹು ಸಿಕ್ಕಿದೆ. ರೈಲು ಬಂದ ಕಾಲದಲ್ಲಿ ಈ ಕಣಿವೆಯಲ್ಲಿ ಬೇಟೆಯಾಡುತ್ತ, ಋತುವಿಗೆ ತಕ್ಕಂತೆ ಡೇರೆ ಬದಲಿಸುತ್ತಿದ್ದವರಲ್ಲಿ ಸ್ಟೋನಿ ನಕೋಡ ಜನ ಮುಖ್ಯರು. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ ಬೆಟ್ಟದ ಜನ ಎಂದರ್ಥ. ಸ್ಟೋನಿ ಎಂಬುದು ಹೊರಗಿನವರು ಇಟ್ಟ ಹೆಸರು. ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ನೀರಿಗೆ ಹಾಕಿ, ನೀರು ಕುದಿಸಿ ಅಡುಗೆ ಮಾಡುತ್ತಿದ್ದರಂತೆ, ಅದಕ್ಕೇ ಕಲ್ಲಿನವರು. ಇವತ್ತು ಜಗತ್ತೆಲ್ಲ ಫೋಟೊ ತೆಗೆಯುವ ಲೇಕ್ ಲೂಯಿಸ್‌ಗೆ 1882ರಲ್ಲಿ ಟಾಮ್ ವಿಲ್ಸನ್ ಎಂಬ ರೈಲ್ವೆಯವನನ್ನು ಕರೆದೊಯ್ದು ತೋರಿಸಿದ್ದೂ ಒಬ್ಬ ನಕೋಡ ದಾರಿಗಾರನೇ. ಅವರ ಮಾತಿನಲ್ಲಿ ಅದು ಚಿಕ್ಕ ಮೀನುಗಳ ಕೆರೆ. ಭೂಪಟಕ್ಕೆ ಬಂದದ್ದು ವಿಕ್ಟೋರಿಯಾ ರಾಣಿಯ ಮಗಳ ಹೆಸರು.

ನಾಗರಹೊಳೆಯ ಹಾಡಿಗಳಿಂದ ಜೇನುಕುರುಬರನ್ನು ಹೊರಗೆ ಕಳಿಸಿದ ಕಥೆ ಬಲ್ಲವರಿಗೆ ಮುಂದಿನದು ಊಹಿಸಲು ಕಷ್ಟವಾಗದು. 1877ರಲ್ಲಿ ನಕೋಡರೂ ಸೇರಿ ಈ ಸೀಮೆಯ ಮೂಲನಿವಾಸಿಗಳು ಬ್ರಿಟಿಷ್ ರಾಣಿಯ ಪ್ರತಿನಿಧಿಗಳೊಂದಿಗೆ ಏಳನೆಯ ಒಪ್ಪಂದಕ್ಕೆ ಸಹಿ ಹಾಕಿದ್ದರು. ಬೇಟೆಯ ಹಕ್ಕು ಉಳಿಯಿತೆಂದು ನಂಬಿದ್ದರು. ಉದ್ಯಾನ ಬಂದ ಮೇಲೆ ಅದರೊಳಗೆ ಬೇಟೆ ಅಪರಾಧವಾಯಿತು. ಮಾರ್ಲಿಯಲ್ಲಿ ಗೊತ್ತುಮಾಡಿದ ಮೀಸಲು ಜಾಗ ಬಿಟ್ಟು ಹೊರಡಲು ಸರ್ಕಾರಿ ಏಜೆಂಟನ ಚೀಟಿ ಬೇಕಾಯಿತು, ಆ ಚೀಟಿಗೆ ಕಾನೂನಿನ ಆಧಾರವೇ ಇಲ್ಲದಿದ್ದರೂ. ಶೋಕಿಗೆ ಬೇಟೆಯಾಡುವವರಿಗೆ ಬೆಟ್ಟದ ಕುರಿ, ಕಡವೆಗಳು ಕಡಿಮೆಯಾಗಬಾರದಿತ್ತು. ಏಜೆಂಟರಿಗೆ ನಕೋಡರು ಅಲೆದಾಟ ಬಿಟ್ಟು ಬೇಸಾಯಗಾರರಾಗಬೇಕಿತ್ತು. ಎರಡೂ ಒಂದೇ ಕಡೆ ದೂಡಿದವು.

ಅಷ್ಟಾಗಿಯೂ ವರ್ಷಕ್ಕೊಮ್ಮೆ ಅವರಿಗೆ ಬ್ಯಾನ್ಫಿನಲ್ಲಿ ಡೇರೆ ಹಾಕಲು ಕರೆ ಬರುತ್ತಿತ್ತು. 19ನೆಯ ಶತಮಾನದ ಕೊನೆಯಲ್ಲಿ ಶುರುವಾಗಿ 1978ರವರೆಗೆ ನಡೆದ ‘ಬ್ಯಾನ್ಫ್ ಇಂಡಿಯನ್ ಡೇಸ್’ ಎಂಬ ಜಾತ್ರೆಯಲ್ಲಿ ನಕೋಡರು ಕುಟುಂಬ ಸಮೇತ ಬಂದು ಟೀಪಿಗಳನ್ನು, ಅಂದರೆ ತಮ್ಮ ಗೋಪುರದಾಕಾರದ ಡೇರೆಗಳನ್ನು ನಿಲ್ಲಿಸಿ, ಕುದುರೆ ಓಡಿಸಿ, ಕುಣಿದು ತೋರಿಸುತ್ತಿದ್ದರು. ಪ್ರವಾಸಿಗರಿಗೆ ಅದು ನೋಟ. ನಕೋಡರಿಗೆ ಮಾತ್ರ ಅದು ಬರೀ ನೋಟವಾಗಿರಲಿಲ್ಲ ಎಂದೇ ನನಗನಿಸುತ್ತದೆ. ಕೆಲವು ದಿನವಾದರೂ ತಮ್ಮ ಬೆಟ್ಟದ ಬುಡದಲ್ಲಿ ಮಕ್ಕಳೊಂದಿಗೆ ಮಲಗುವುದು ಅದರಿಂದ ಸಾಧ್ಯವಾಗುತ್ತಿತ್ತು.

ಇಲ್ಲಿ ಇನ್ನೊಂದು ಬಗೆಯ ಡೇರೆಯೂ ಇತ್ತು. ಮೊದಲ ಮಹಾಯುದ್ಧ ಶುರುವಾದಾಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಿಂದ ವಲಸೆ ಬಂದಿದ್ದವರನ್ನು ಕೆನಡಾ ಶತ್ರು ದೇಶದವರೆಂದು ಹಿಡಿಯಿತು. ದೇಶದಾದ್ಯಂತ ಬಂಧಿಸಿದ್ದು 8,579 ಮಂದಿಯನ್ನು, ಅವರಲ್ಲಿ ಯುಕ್ರೇನಿಯರೇ ಹೆಚ್ಚು. ಕೆಲಸ ಹುಡುಕಿಕೊಂಡು ಬಂದ ಬಡ ಕೂಲಿಗಳು ಎಷ್ಟೋ ಮಂದಿ. 1915ರ ಜುಲೈಯಲ್ಲಿ ಬ್ಯಾನ್ಫಿನ ಕ್ಯಾಸಲ್ ಬೆಟ್ಟದ ಬುಡದಲ್ಲಿ ಮುಳ್ಳುತಂತಿಯೊಳಗೆ ಅವರ ಶಿಬಿರ ತಲೆಯೆತ್ತಿತು. ಡೇರೆಯಲ್ಲಿ ಚಳಿಗಾಲ ಕಳೆಯುವುದು ಅಸಾಧ್ಯವಾದ್ದರಿಂದ ಹಿಮ ಬೀಳುವ ಹೊತ್ತಿಗೆ ಅವರನ್ನು ಬಿಸಿನೀರಿನ ಗುಹೆಯ ಪಕ್ಕದ ಬ್ಯಾರಕ್ಕುಗಳಿಗೆ ಸಾಗಿಸುತ್ತಿದ್ದರು. ದಿನಕ್ಕೆ 25 ಸೆಂಟ್ ಕೂಲಿಗೆ ಗುದ್ದಲಿ ಹಿಡಿದು ಲೇಕ್ ಲೂಯಿಸ್ ಕಡೆಗಿನ ರಸ್ತೆ ಕಡಿದವರು ಇವರು. ಹಿಂದಿನ ವರ್ಷವಷ್ಟೇ ಗುಹೆಯ ಬಳಿ ದೊಡ್ಡ ಈಜುಕೊಳ ತೆರೆದಿತ್ತು. ಒಂದೇ ಬೆಟ್ಟದ ಬುಡದಲ್ಲಿ ಒಂದು ಕಡೆ ಹಬೆಯಾಡುವ ಕೊಳದಲ್ಲಿ ಪ್ರವಾಸಿಗರು, ಇನ್ನೊಂದು ಕಡೆ ಕಾವಲಿನಲ್ಲಿ ಕೈದಿಗಳು. ಶಿಬಿರ ಮುಚ್ಚಿದ್ದು 1917ರಲ್ಲಿ. ಈ ಬಗ್ಗೆ ಗುಹೆಯ ಬಳಿ ಪ್ರದರ್ಶನ ಕಟ್ಟಡವೊಂದು ತೆರೆಯಲು 2013ರವರೆಗೆ ಕಾಯಬೇಕಾಯಿತು.

ಆಮೇಲೆ ಕಾರುಗಳು ಬಂದವು. ಮೊದಮೊದಲು ಉದ್ಯಾನದೊಳಗೆ ಅವಕ್ಕೆ ಪ್ರವೇಶವೇ ಇರಲಿಲ್ಲ. ರಸ್ತೆ ಬಿಟ್ಟುಕೊಟ್ಟ ಮೇಲೆ ದೊಡ್ಡ ಹೋಟೆಲಿನ ಬಾಡಿಗೆ ಕೊಡಲಾಗದ ಸಾಧಾರಣ ಸಂಸಾರಗಳೂ ಡೇರೆ ಕಟ್ಟಿಕೊಂಡು ಬರತೊಡಗಿದವು. ಇಂದಿನ ಕ್ಯಾಂಪಿಂಗಿನ ಬೇರು ಇರುವುದು ಇಲ್ಲಿ. ಮಿನೆವಾಂಕಾ ದಂಡೆಯಲ್ಲೂ ಬೇಸಿಗೆಯ ಮನೆಗಳ ಪುಟ್ಟ ಊರೊಂದು ಬೆಳೆದಿತ್ತು. 1941ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಎತ್ತರಿಸಿದಾಗ ಕೆರೆ ಸುಮಾರು 30 ಮೀಟರ್ ಏರಿ ಊರು ಮುಳುಗಿತು. ಈಗ ಆ ಊರಿನ ತಳಪಾಯ ನೋಡಲು ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಧುಮುಕುವವರೇ ಇದ್ದಾರೆ.

ಈಗ ಹೋಗುವವರ ವಿಷಯಕ್ಕೆ ಬರೋಣ. ಗುಹೆಯ ಬುಗ್ಗೆಯಲ್ಲಿ ಸ್ನಾನ ನಿಂತು ಮೂರು ದಶಕ ದಾಟಿದೆ, ನೀರು ಮುಟ್ಟುವುದೂ ತಪ್ಪು. ನಿಂಬೆ ಬೀಜದಷ್ಟೇ ಗಾತ್ರದ ಒಂದು ಜಾತಿಯ ಬಸವನಹುಳು ಜಗತ್ತಿನಲ್ಲಿ ಈ ಬೆಟ್ಟದ ಬುಗ್ಗೆಗಳಲ್ಲಿ ಮಾತ್ರ ಬದುಕಿದೆ. ಸ್ನಾನಕ್ಕೆ ಮೇಲಿನ ಬುಗ್ಗೆಗೆ ಹೋಗಬೇಕು. ಮಳೆ, ಹಿಮದ ನೀರು ನೆಲದಾಳಕ್ಕೆ ಇಳಿದು, ಅಲ್ಲಿ ಕಾದು, ಬಂಡೆಯ ಬಿರುಕಿನಲ್ಲಿ ಮೇಲೆ ಬರುವುದನ್ನು ಅಲ್ಲಿ ಕೊಳಕ್ಕೆ ತುಂಬುತ್ತಾರೆ. ಮೊರೇನ್ ಕೆರೆಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ, ಬಸ್ಸಿನ ಸೀಟು ಮೊದಲೇ ಹಿಡಿಯಬೇಕು. ಜೂನ್ ಶುರುವಿಗೆ ಹೋದರೆ ಎತ್ತರದ ಕೆರೆಗಳು ಇನ್ನೂ ಹೆಪ್ಪುಗಟ್ಟಿರಬಹುದು. ಫೋಟೊದ ಬಣ್ಣ ಬೇಕೆಂದರೆ ಜುಲೈ ಲೇಸು. ಲೇಕ್ ಲೂಯಿಸ್‌ನಲ್ಲಿ ಬಟ್ಟೆಯ ಡೇರೆಗಳ ಬಯಲಿಗೆ ಕರಡಿಗಳ ಕಾರಣ ವಿದ್ಯುತ್ ಬೇಲಿ ಇದೆ. ಕೊಡಗಿನಲ್ಲಿ ತೋಟಕ್ಕೆ ಆನೆ ಬಾರದಂತೆ ಹಾಕಿದ ಬೇಲಿಯ ಹಾಗೆಯೇ, ಆದರೆ ಒಳಗೆ ಇರುವುದು ಕಾಫಿ ಗಿಡವಲ್ಲ, ಮನುಷ್ಯರು. ಊಟ ಮಾಡಿದ ಪಾತ್ರೆ, ಸೋಪು, ಟೂತ್‌ಪೇಸ್ಟ್ ಯಾವುದನ್ನೂ ಹೊರಗೆ ಬಿಡಬಾರದು.

ಕೆರೆಯಿಂದ ಕೆರೆಗೆ ಹೋಗಲು ಹೆದ್ದಾರಿ ಬಿಟ್ಟು ಹಳೆಯ 1ಎ ರಸ್ತೆ ಹಿಡಿಯಿರಿ, ಕೈದಿಗಳು ಕಡಿದ ದಾರಿ ಅದೇ ಕಡೆಯದು. ಕ್ಯಾಸಲ್ ಬೆಟ್ಟದ ಹತ್ತಿರ ಒಬ್ಬ ಕೈದಿಯ ಪ್ರತಿಮೆ ನಿಂತಿದೆ. ಇನ್ನು ಕ್ಯಾಲ್ಗರಿಯಿಂದ ಬರುವಾಗ ಸುಮಾರು ಅರ್ಧ ದಾರಿಯಲ್ಲಿ, ಬೆಟ್ಟಗಳು ಇನ್ನೂ ದೂರ ಕಾಣುತ್ತಿರುವಾಗ, ಹೆದ್ದಾರಿ ನಕೋಡರ ಮೀಸಲು ಜಾಗವನ್ನು ಹಾದುಹೋಗುತ್ತದೆ. ಮಾರ್ಲಿ ಎಂದು ಬೋರ್ಡು ಇರುತ್ತದೆ.