ಅಷ್ಟು ಕರೆಂಟು ಯಾವುದಕ್ಕೆ ಬೇಕು, ಸರ್?



ಈ ಬೇಸಿಗೆಯಲ್ಲಿ, ಬಂಡಿಹಬ್ಬಕ್ಕೆ ಇನ್ನೆರಡು ದಿನವಿರುವಾಗ, ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಕೇರಿಯಲ್ಲಿ ಕರೆಂಟು ಹೋಯಿತು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗಳು ಬೆವರಿನಲ್ಲಿ ತೊಯ್ದು ಎದ್ದು ಕುಳಿತಳು. ಸೂರ್ಯ ಮುಳುಗಿ ನಾಲ್ಕು ತಾಸು ಕಳೆದಿದ್ದರೂ ತಲೆಯ ಮೇಲಿನ ಸ್ಲ್ಯಾಬು ಕಾದ ಕಾವಲಿಯಂತೆ ಉಗಿ ಕಾರುತ್ತಿತ್ತು. ಕೊನೆಗೆ ಚಾಪೆ ಎತ್ತಿಕೊಂಡು ಇಬ್ಬರೂ ಅಂಗಳಕ್ಕೆ ಬಂದು ಮಲಗಿದೆವು. “ಅಜ್ಜಾ, ಮುಂಚೆ ಫ್ಯಾನ್ ಇಲ್ಲದೆ ಹೇಗೆ ಮಲಗುತ್ತಿದ್ದಿರಿ?” ಎಂದು ಅವಳು ಕೇಳಿದಳು. ಆ ಪ್ರಶ್ನೆ ನನ್ನನ್ನು ಮತ್ತೊಂದು ಪ್ರಶ್ನೆಯ ಬಳಿಗೆ, 1989ರ ಒಂದು ತರಗತಿಯ ಕೋಣೆಗೆ ಕರೆದೊಯ್ದಿತು. ಈ ಲೇಖನ ಆ ಹಳೆಯ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ನಾನು ಸೇವೆಗೆ ಸೇರಿ ಆಗ ನಾಲ್ಕೈದು ವರ್ಷವಾಗಿತ್ತಷ್ಟೆ. ವಿಜ್ಞಾನ, ಗಣಿತ ಕಲಿಸುತ್ತಿದ್ದೆ. ಜಿಲ್ಲೆಯ ತುಂಬ ಕೈಗಾದ್ದೇ ಮಾತು. ಕಾರವಾರ ತಾಲೂಕಿನ ಕಾಳಿ ಕಣಿವೆಯ ಕಾಡಿನ ನಡುವೆ ಅಣುವಿದ್ಯುತ್ ಸ್ಥಾವರದ ಕೆಲಸ ಆರಂಭವಾದದ್ದು ಆ ವರ್ಷವೇ. ಮೇಲ್ಭಾಗದಲ್ಲಿ ಸೂಪಾ ಅಣೆಕಟ್ಟು ಎದ್ದು ಹಳೆಯ ಸೂಪಾ ಪೇಟೆ ನೀರಿನಡಿ ಸೇರಿತ್ತು. ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ ಬರಲಿದ್ದವು. ಈ ಕಡೆ ಸಮುದ್ರದಂಚಿನಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತ್ತು. ಹೊಳೆಯ ದಂಡೆಯವರೂ ಕಡಲ ದಂಡೆಯವರೂ ಗಂಟುಮೂಟೆ ಕಟ್ಟುವ ಕಾಲವದು. ಆ ವರ್ಷದ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ, ಎಂಬತ್ತೇಳರ ಇಳಿವಯಸ್ಸಿನ ಡಾ. ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ ನಮ್ಮ ಕ್ಷೇತ್ರದಿಂದಲೇ ಸ್ಪರ್ಧಿಸಿದ್ದರೆಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅವರು ಗೆಲ್ಲಲಿಲ್ಲ. ಆದರೆ ವಾದ ಮಾತ್ರ ಮನೆಮನೆಯ ಜಗಲಿಗೂ ಬಂದಿತ್ತು.

ನಮ್ಮ ಶಾಲೆಯಲ್ಲಿ “ಕೈಗಾ ಬೇಕೇ, ಬೇಡವೇ?” ಎಂದು ಚರ್ಚಾಸ್ಪರ್ಧೆ ನಡೆಯಿತು. ಬೇಕೆಂಬವರು ಪ್ರಗತಿಯ ಮಾತನಾಡಿದರು. ಬೇಡವೆಂಬವರು ವಿಕಿರಣದ ಭಯ, ಕಾಡಿನ ನಾಶದ ಮಾತನಾಡಿದರು. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ಕಾಳಿಯ ದಂಡೆಯ ಮನೆ ಬಿಟ್ಟು ಬಂದ ಕುಟುಂಬದವನು, ಅಂಕೋಲೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಅವನು ಯಾವ ಪಕ್ಷವನ್ನೂ ಹಿಡಿಯಲಿಲ್ಲ. “ಸರ್, ಅಷ್ಟು ಕರೆಂಟು ಯಾವುದಕ್ಕೆ ಬೇಕು? ಯಾರಾದರೂ ಲೆಕ್ಕ ಹಾಕಿದ್ದಾರೆಯೇ?” ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ವಿಷಯಕ್ಕೆ ಸಂಬಂಧಿಸಿದ್ದನ್ನು ಮಾತನಾಡು, ಕೂಡು” ಎಂದೆ. ಅವನು ಕುಳಿತ.

ಆ ಲೆಕ್ಕವನ್ನು ಅದೇ ಹೊತ್ತಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಬ್ಬರು ಹಾಕುತ್ತಿದ್ದರು. ಅವರೇ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ (1930–2006). ಮೂಲತಃ ವಿದ್ಯುತ್ ರಸಾಯನಶಾಸ್ತ್ರಜ್ಞರಾದ ಅವರು 1974ರಲ್ಲಿ ವಿಜ್ಞಾನವನ್ನು ಹಳ್ಳಿಗೆ ಒಯ್ಯುವ ಸಲುವಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದವರು. ನಮ್ಮ ಎಷ್ಟೋ ಅಡುಗೆಮನೆಗಳ ಹೊಗೆಯನ್ನು ಕಡಿಮೆ ಮಾಡಿದ ‘ಅಸ್ತ್ರ ಒಲೆ’ಯ ಹೆಸರು ಬಂದದ್ದು ಅಲ್ಲಿಂದಲೇ.

ಹಿನ್ನೆಲೆ ಹೀಗಿತ್ತು. 1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳ ದೀರ್ಘಕಾಲೀನ ಮುನ್ನೋಟ ಸಿದ್ಧಪಡಿಸಲು ನೇಮಕವಾಗಿದ್ದ ಸಮಿತಿಯ ವರದಿ ಹೊರಬಂದಿತು. ಹಿಂದಿನ ವರ್ಷಗಳಲ್ಲಿ ಬೇಡಿಕೆ ಹೆಚ್ಚಿದ ವೇಗವನ್ನೇ ಮುಂದಕ್ಕೆ ಎಳೆದು, 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 4,750 ಕೋಟಿ ಯೂನಿಟ್ ವಿದ್ಯುತ್ತು, ಅದಕ್ಕಾಗಿ ಸುಮಾರು 9,400 ಮೆಗಾವ್ಯಾಟ್ ಸ್ಥಾಪಿತ ಸಾಮರ್ಥ್ಯ ಬೇಕೆಂದು ಅದು ಹೇಳಿತು. ದೊಡ್ಡ ಕಲ್ಲಿದ್ದಲ ಸ್ಥಾವರ, ಕೈಗಾ ಇವೆಲ್ಲ ಆ ಲೆಕ್ಕದೊಳಗಿನ ಬಾಬುಗಳು. ಕೈಗಾ ವಿರೋಧಿಸುವವರಿಗೆ ಎಲ್ಲೆಡೆ ಎದುರಾಗುತ್ತಿದ್ದ ಮಾತು ಒಂದೇ: “ಹಾಗಾದರೆ ನಿಮ್ಮ ಪರ್ಯಾಯವೇನು?”

ರೆಡ್ಡಿಯವರೂ ಸಂಗಡಿಗರೂ ಆ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡರು. ಅವರ ವಾದ ಸರಳವಾದುದು. ಮನುಷ್ಯನಿಗೆ ಬೇಕಾದುದು ಯೂನಿಟ್ಟಲ್ಲ, ಬೆಳಕು. ಕಿಲೋವ್ಯಾಟ್ ಅಲ್ಲ, ಸ್ನಾನಕ್ಕೆ ಬಿಸಿನೀರು. ಆದುದರಿಂದ ಮೊದಲು ಯಾವ ಕೆಲಸಕ್ಕೆ ಎಷ್ಟು ಶಕ್ತಿ ಬೇಕೆಂದು ಎಣಿಸೋಣ. ಕತ್ತಲಲ್ಲಿರುವ ಎಲ್ಲ ಮನೆಗಳಿಗೂ ದೀಪ ಕೊಡುವುದನ್ನು ಅದರಲ್ಲಿ ಸೇರಿಸೋಣ. ಆಮೇಲೆ ಆ ಕೆಲಸವನ್ನು ಅತಿ ಕಡಿಮೆ ಖರ್ಚಿನಲ್ಲಿ ಹೇಗೆ ಪೂರೈಸಬಹುದೆಂದು ನೋಡೋಣ. ಒಂದು ಯೂನಿಟ್ ಹೊಸದಾಗಿ ಉತ್ಪಾದಿಸುವುದು ಅಗ್ಗವೋ, ಒಂದು ಯೂನಿಟ್ ಉಳಿಸುವುದು ಅಗ್ಗವೋ? ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಅಗ್ಗವಾದುದನ್ನು ಮೊದಲು ಆರಿಸಬೇಕು. ಹಳೆಯ ಬಲ್ಬಿನ ಬದಲು ಸಿಎಫ್‌ಎಲ್, ಗೀಸರಿನ ಬದಲು ಸೌರ ಜಲತಾಪಕ, ರೈತರಿಗೆ ಉತ್ತಮ ಪಂಪ್‌ಸೆಟ್, ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಇವೆಲ್ಲ ಆದ ಮೇಲೆ ದೊಡ್ಡ ಸ್ಥಾವರದ ಮಾತು.

‘ಡಿಫೆಂಡಸ್’ ಎಂದು ಹೆಸರಾದ ಈ ಲೆಕ್ಕ 1991ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. ಉತ್ತರ ಬೆರಗುಗೊಳಿಸುವಂತಿತ್ತು. 4,750 ಕೋಟಿಯ ಜಾಗದಲ್ಲಿ ಸುಮಾರು 1,790 ಕೋಟಿ ಯೂನಿಟ್. 9,400ರ ಜಾಗದಲ್ಲಿ ಸುಮಾರು 4,000 ಮೆಗಾವ್ಯಾಟ್. ಖರ್ಚೂ ಅದೇ ರೀತಿ ಬಹಳ ಕಡಿಮೆ. ಹೊಸದಾಗಿ ಸೇರುವ ಇಂಗಾಲದ ಡೈ ಆಕ್ಸೈಡ್, ಸಮಿತಿಯ ಯೋಜನೆಗೆ ಹೋಲಿಸಿದರೆ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ರಿಯೊ ಡಿ ಜನೈರೊದಲ್ಲಿ ಭೂಶೃಂಗಸಭೆ ನಡೆದದ್ದು 1992ರಲ್ಲಿ. ಹವಾಮಾನ ಬದಲಾವಣೆ ನಮ್ಮ ಪಠ್ಯಪುಸ್ತಕದೊಳಗೆ ಬರುವುದಕ್ಕೆ ಬಹಳ ಮೊದಲೇ, ಕೈಗಾದ ಜಗಳದಿಂದ ಹುಟ್ಟಿದ ಒಂದು ಕನ್ನಡ ನಾಡಿನ ಲೆಕ್ಕ ಅದರ ಮದ್ದನ್ನೂ ಸೂಚಿಸಿತ್ತೆಂಬುದು ನನಗೆ ಈಗಲೂ ಸೋಜಿಗದ ಸಂಗತಿ.

ಮುಂದೇನಾಯಿತು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಯಾರೂ ಪೂರ್ತಿ ಗೆಲ್ಲಲಿಲ್ಲ. ಸಮಿತಿಯ ಯೋಜನೆಗೆ ಬೇಕಾದಷ್ಟು ಹಣ ಯಾರ ಬಳಿಯೂ ಇರಲಿಲ್ಲ. 2000ನೇ ಇಸವಿಯಲ್ಲಿ ರಾಜ್ಯದ ಸಾಮರ್ಥ್ಯ 9,400 ಮೆಗಾವ್ಯಾಟಿನ ಹತ್ತಿರಕ್ಕೂ ಹೋಗಲಿಲ್ಲ. ರೆಡ್ಡಿಯವರ ದಾರಿಯನ್ನೂ ಸರಕಾರ ಇಡಿಯಾಗಿ ಹಿಡಿಯಲಿಲ್ಲ. ಕೈಗಾ ಮಾತ್ರ ನಿಂತಿತು. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಭಾಗದ ಕಾಂಕ್ರೀಟು ಕಳಚಿ ಬಿದ್ದು ಕೆಲಸ ತಡವಾಯಿತು. 2000ದಲ್ಲಿ ಮೊದಲ ಎರಡು ಘಟಕಗಳು, 2007 ಮತ್ತು 2011ರಲ್ಲಿ ಇನ್ನೆರಡು ಉತ್ಪಾದನೆ ಆರಂಭಿಸಿದವು. ಒಟ್ಟು 880 ಮೆಗಾವ್ಯಾಟ್. ಅದರ ಒಂದನೇ ಘಟಕ 2018ರ ಡಿಸೆಂಬರ್‌ವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತೆಂಬುದನ್ನೂ ಹೇಳಲೇಬೇಕು. ಅಣುವಿದ್ಯುತ್ತು ಉತ್ಪಾದನೆಯ ಹೊತ್ತಿನಲ್ಲಿ ಇಂಗಾಲವನ್ನು ಉಗುಳುವುದಿಲ್ಲವೆಂಬ ವಾದಕ್ಕೆ ಇಂದು ಹೊಸ ತೂಕ ಬಂದಿದೆ. 2017ರಲ್ಲಿ ತಲಾ 700 ಮೆಗಾವ್ಯಾಟಿನ 5 ಮತ್ತು 6ನೇ ಘಟಕಗಳಿಗೂ ಕೇಂದ್ರದ ಒಪ್ಪಿಗೆ ದೊರೆಯಿತು. ಬೇಕು-ಬೇಡಗಳ ವಾದ ಮುಗಿದಿಲ್ಲ. ನನ್ನ ಮಾತು ಅದಲ್ಲ. ಎಷ್ಟು ಬೇಕೆಂದು ಮೊದಲು ಕೇಳದೆ ಬೇಕು-ಬೇಡ ಹೇಳಲಾಗದು ಎಂಬುದಷ್ಟೇ ನನ್ನ ಮಾತು.

ಆ ವಿಚಾರವೇ ನಿಧಾನವಾಗಿ ದೆಹಲಿಯನ್ನೂ ತಲುಪಿತು. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದಿತು. 2002ರಲ್ಲಿ ಇಂಧನ ದಕ್ಷತಾ ಬ್ಯೂರೊ ಸ್ಥಾಪನೆಯಾಯಿತು. 2006ರಿಂದ ಫ್ರಿಜ್ಜುಗಳ ಮೇಲೆ ಕಾಣಿಸಿಕೊಂಡ ನಕ್ಷತ್ರಗಳ ಚೀಟಿ ಅದರದ್ದೇ ಕೆಲಸ. 2007ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ರೂಪುಗೊಂಡಿತು. 2008ರ ಜೂನ್ 30ರಂದು ಪ್ರಕಟವಾದ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾಯೋಜನೆಯ ಎಂಟು ಅಭಿಯಾನಗಳಲ್ಲಿ ಒಂದು ಇಂಧನ ದಕ್ಷತೆಗೆ, ಇನ್ನೊಂದು ಸುಸ್ಥಿರ ವಸತಿಗೆ ಮೀಸಲಾಯಿತು. ದೇಶದ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ಉರಿಯುವುದು ಮನೆ, ಅಂಗಡಿ, ಕಚೇರಿಗಳೆಂಬ ಕಟ್ಟಡಗಳ ಒಳಗೇ. 2005ಕ್ಕೆ ಹೋಲಿಸಿದರೆ 2030ರೊಳಗೆ ಉತ್ಪನ್ನದ ಪ್ರತಿ ರೂಪಾಯಿಗೆ ತಗಲುವ ಹೊರಸೂಸುವಿಕೆಯನ್ನು ಶೇ. 45ರಷ್ಟು ಇಳಿಸುತ್ತೇವೆಂದು 2022ರಲ್ಲಿ ಭಾರತ ಜಗತ್ತಿಗೆ ಕೊಟ್ಟ ಮಾತು ಈ ಕಟ್ಟಡಗಳನ್ನು ಬಿಟ್ಟು ನಡೆಯುವುದು ಕಷ್ಟ.

ಬಲ್ಬಿನ ಕಥೆಯನ್ನೇ ನೋಡಿ. ಹಳೆಯ 60 ವ್ಯಾಟಿನ ಬಲ್ಬು ದಿನಕ್ಕೆ ಐದು ತಾಸು ಉರಿದರೆ ವರ್ಷಕ್ಕೆ ಸುಮಾರು 110 ಯೂನಿಟ್. ಅದಕ್ಕೆ ಕಡಿಮೆಯಿಲ್ಲದ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ 16 ಯೂನಿಟ್ ಸಾಕು. ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋ ಇಂಗಾಲದ ಡೈ ಆಕ್ಸೈಡ್ ಎಂದು ಹಿಡಿದರೂ ಒಂದೇ ಬಲ್ಬಿನಿಂದ ವರ್ಷಕ್ಕೆ 70 ಕಿಲೋ ಉಳಿತಾಯ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆ 36 ಕೋಟಿಗೂ ಮೀರಿ ಇಂಥ ಬಲ್ಬುಗಳನ್ನು ಹಂಚಿತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂದಿತು. ಒಟ್ಟಿಗೆ ಖರೀದಿಸಿದ್ದರಿಂದ 2014ರಲ್ಲಿ 310 ರೂಪಾಯಿಯಿದ್ದ ಸಗಟು ಬೆಲೆ ಎರಡೇ ವರ್ಷಗಳಲ್ಲಿ 40ರ ಕೆಳಗಿಳಿಯಿತು. ಹನಿಗೂಡಿದರೆ ಹಳ್ಳವೆಂಬುದು ಬರೀ ಗಾದೆಯಲ್ಲ, ರಾಷ್ಟ್ರೀಯ ಯೋಜನೆಯ ಗಣಿತವೂ ಹೌದು. ಈ ದಿನವನ್ನು ನೋಡಲು ರೆಡ್ಡಿಯವರು ಇರಲಿಲ್ಲ. ಅವರು ತೀರಿಕೊಂಡದ್ದು 2006ರ ಮೇ ತಿಂಗಳಲ್ಲಿ.

ಆದರೆ ಬಲ್ಬು ಬದಲಿಸುವುದು ಸುಲಭ, ಮನೆ ಬದಲಿಸುವುದು ಸುಲಭವಲ್ಲ. ಇಲ್ಲಿ ನನ್ನದೇ ತಪ್ಪೊಪ್ಪಿಗೆಯಿದೆ. ನಮ್ಮ ಹಳೆಯ ಮನೆ ಚಿರೆಕಲ್ಲಿನ ದಪ್ಪ ಗೋಡೆಯದು; ಮೇಲೆ ಮಂಗಳೂರು ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಇಡೀ ಕರಾವಳಿಯ ಸೂರನ್ನೇ ಬದಲಿಸಿದ್ದು ನಿಮಗೆ ಗೊತ್ತೇ ಇದೆ. ಹೆಂಚು ತೆಳ್ಳಗಿನದು, ಹಗಲು ಕಾದರೂ ಸಂಜೆಗೆ ಬೇಗ ಆರುತ್ತದೆ. ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಹೊರಟುಹೋಗುತ್ತದೆ. ಉದ್ದಕ್ಕೆ ಚಾಚಿದ ಸೂರು ಗೋಡೆಗೆ ಬಿಸಿಲನ್ನೂ ಮಳೆಯನ್ನೂ ತಾಗಗೊಡುವುದಿಲ್ಲ. ಸ್ಲ್ಯಾಬು ಹಾಗಲ್ಲ. ದಿನವಿಡೀ ಬಿಸಿಲನ್ನು ಕುಡಿದು ರಾತ್ರಿಯಿಡೀ ಅದನ್ನು ಕೆಳಕ್ಕೆ ಬಿಡುತ್ತದೆ. ಬಯಲುಸೀಮೆಯಲ್ಲಿ ರಾತ್ರಿ ತಂಪಾಗುವುದರಿಂದ ದಪ್ಪ ಮಾಳಿಗೆ ಹೇಗೋ ಆರೀತು. ನಮ್ಮಲ್ಲಿ ರಾತ್ರಿಯೂ ಸೆಖೆ, ಗಾಳಿಯ ತುಂಬ ತೇವ, ಅದು ಆರುವುದೆಂದು? 1996ರಲ್ಲಿ ವರ್ಷವರ್ಷ ಹೆಂಚು ಕೈಯಾಡಿಸುವ ಕಾಟ, ಮಂಗಗಳ ಕಾಟ, ನಾಲ್ಕು ಜನರೆದುರು ತಾರಸಿ ಮನೆಯೆಂಬ ಹಿರಿಮೆ ಎಲ್ಲವೂ ಸೇರಿ ನಾನು ಮಾಡನ್ನು ಕೆಡವಿ ಸ್ಲ್ಯಾಬು ಹಾಕಿಸಿದೆ. ತಾಯಿಯವರು, “ನಿನಗೆ ಪಾಠ ಹೇಳುವಷ್ಟು ಓದಿಲ್ಲ ನಾನು, ಆದರೆ ಈ ಮನೆ ಇನ್ನು ಉಸಿರಾಡುವುದಿಲ್ಲ” ಎಂದಿದ್ದರು. ಉಷ್ಣವಹನದ ಪಾಠವನ್ನು ಪ್ರತಿವರ್ಷ ಕಲಿಸುತ್ತಿದ್ದ ನನಗೆ ಆ ಮಾತು ತಟ್ಟಲಿಲ್ಲ. ಮೊದಲು ಒಂದು ಫ್ಯಾನು, ಆಮೇಲೆ ಕೋಣೆಗೊಂದು, ಈಗ ಮಗ ಏಸಿ ಹಾಕಿಸೋಣವೆನ್ನುತ್ತಾನೆ. ಇದು ನಮ್ಮೊಂದು ಮನೆಯ ಕಥೆಯಲ್ಲ. ಅಂಕೋಲೆಯ ಯಾವ ಕೇರಿಯಲ್ಲಿ ನಡೆದರೂ ನಿಮಗೆ ಇದೇ ಕಥೆ ಕಾಣುತ್ತದೆ.

ಈ ಅರಿವು ಸರಕಾರಕ್ಕೂ ಬಂದಿದೆ. 2018ರ ಡಿಸೆಂಬರಿನಲ್ಲಿ ವಾಸದ ಮನೆಗಳಿಗಾಗಿ ‘ಇಕೋ ನಿವಾಸ ಸಂಹಿತೆ’ ಹೊರಬಂದಿತು. ದೇಶವನ್ನು ಐದು ಹವಾವಲಯಗಳಾಗಿ ಗುರುತಿಸಿರುವುದರಲ್ಲಿ ನಮ್ಮ ಕರಾವಳಿ ‘ಬಿಸಿ ಮತ್ತು ತೇವ’ದ ವಲಯ, ಬೆಂಗಳೂರು ಸಮಶೀತೋಷ್ಣ. ಗೋಡೆ, ಮಾಡು, ಕಿಟಕಿಗಳ ಮೂಲಕ ಎಷ್ಟು ಶಾಖ ಒಳಬರಬಹುದು, ಗಾಳಿಗೆಂದು ಎಷ್ಟು ಕಿಟಕಿ ತೆರೆದಿರಬೇಕು ಎಂಬ ಮಿತಿಗಳನ್ನು ಅದು ಹೇಳುತ್ತದೆ. 2019ರಲ್ಲಿ ತಂಪುಗೊಳಿಸುವಿಕೆಗೇ ಒಂದು ರಾಷ್ಟ್ರೀಯ ಯೋಜನೆ ಬಂದಿತು. 2020ರ ಜನವರಿಯಿಂದ ನಕ್ಷತ್ರಚೀಟಿಯ ಹೊಸ ಏಸಿಗಳು ತಾವಾಗಿ 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮವಾಯಿತು. ಆದರೆ 2018ರ ಆ ಸಂಹಿತೆ ಗಣನೆಗೆ ತೆಗೆದುಕೊಂಡದ್ದು 500 ಚದರ ಮೀಟರು ಅಥವಾ ಹೆಚ್ಚಿನ ನಿವೇಶನಗಳನ್ನು. ಅಂಕೋಲೆಯ ನಾಲ್ಕೈದು ಗುಂಟೆಯೊಳಗಿನ ಮನೆಗಳಲ್ಲಿ ಹೆಚ್ಚಿನವು ಅದರ ಹೊರಗೇ ಉಳಿಯುತ್ತವೆ. ಅಲ್ಲಿ ಸಂಹಿತೆ ಎಂದರೆ ಗೌಂಡಿಯ ರೂಢಿ ಮತ್ತು ಮನೆ ಯಜಮಾನನ ತಿಳಿವಳಿಕೆ ಅಷ್ಟೆ. ದೆಹಲಿಯ ಯೋಜನೆಗೂ ನಮ್ಮ ಮಾಡಿಗೂ ನಡುವಿನ ಕೊಂಡಿ ಕಳಚಿರುವುದು ಇಲ್ಲಿ.

ಹಳೆಯ ಕಾಲಕ್ಕೆ ಹಿಂದಿರುಗಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜಂದಿರ ಮನೆಗಳಲ್ಲಿ ಕತ್ತಲೆಯೂ ಇತ್ತು, ಹೊಗೆಯೂ ಇತ್ತು. ಫ್ಯಾನು ಬೇಕು, ಮಕ್ಕಳ ಓದಿಗೆ ಬೆಳಕು ಬೇಕು. 2023ರ ಗೃಹಜ್ಯೋತಿಯಿಂದ ಎಷ್ಟೋ ಬಡವರ ಮನೆಗಳಿಗೆ ನೆಮ್ಮದಿ ಬಂದದ್ದೂ ನಿಜ. ಆದರೆ ಬಿಲ್ಲು ಸೊನ್ನೆಯಾದರೂ ಹೊಳೆ, ಕಾಡು, ಕಲ್ಲಿದ್ದಲು ತೆರುವ ಬೆಲೆ ಸೊನ್ನೆಯಾಗುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ.

ಅಂಗಳದಲ್ಲಿ ಮಲಗಿದ ಆ ರಾತ್ರಿಯ ಮೇಲೆ ನಾನೊಂದು ನಿರ್ಧಾರ ಮಾಡಿದೆ. ಏಸಿಗೆಂದು ತೆಗೆದಿಟ್ಟ ಹಣದಲ್ಲಿ, ಮಳೆ ಹಿಡಿಯುವ ಮೊದಲೇ ಸ್ಲ್ಯಾಬಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಗಾಳಿಯಾಡಲು ಎಡೆಬಿಟ್ಟು, ಮತ್ತೆ ಹೆಂಚು ಹೊದಿಸಿದೆ. ಸ್ಲ್ಯಾಬಿಗೆ ಬಿಸಿಲು ತಾಗದಿದ್ದರೆ ಅರ್ಧ ಕೆಲಸ ಮುಗಿದಂತೆ. ಮಗ ಮೊದಲು ನಕ್ಕ. ಮರುವಾರ ಮಧ್ಯಾಹ್ನದ ಬಿಸಿಲಿನಲ್ಲಿ ಒಳಗೆ ಮಲಗಿ ಎದ್ದವನು ಏಸಿಯ ಮಾತೆತ್ತಲಿಲ್ಲ. ಮನೆ ಕಟ್ಟಿಸುವ ನನ್ನ ವಿದ್ಯಾರ್ಥಿಗಳಿಗೆ, ಅದರಲ್ಲೂ ಇಂಜಿನಿಯರುಗಳಾಗಿರುವವರಿಗೆ ನನ್ನದೊಂದು ವಿನಂತಿ: ನಕ್ಷೆ ಬರೆಯುವಾಗ ಮೊದಲು ಗಾಳಿಯ ದಿಕ್ಕು ಕೇಳಿ, ಮಾಡಿನ ನೆರಳು ಎಣಿಸಿ, ಆಮೇಲೆ ಯಂತ್ರದ ಮಾತನಾಡಿ.

ಇನ್ನು ಕಾಳಿಯ ದಂಡೆಯಿಂದ ಬಂದಿದ್ದ ಆ ಹುಡುಗನಿಗೆ ಒಂದು ಮಾತು. ನೀನೀಗ ಐವತ್ತು ದಾಟಿರಬೇಕು. ಎಲ್ಲಿದ್ದೀಯೋ ತಿಳಿಯದು. ಅಂದು ನೀನು ಕೇಳಿದ್ದು ವಿಷಯಕ್ಕೆ ಸಂಬಂಧಿಸಿದ ಪ್ರಶ್ನೆಯೇ ಆಗಿತ್ತು. ಆ ಚರ್ಚೆಯಲ್ಲಿ ವಿಷಯಕ್ಕೆ ಸಂಬಂಧಿಸಿದ್ದ ಪ್ರಶ್ನೆ ಅದೊಂದೇ. ದೇಶದ ದೊಡ್ಡ ವಿಜ್ಞಾನಿಯೊಬ್ಬರು ಅದನ್ನೇ ಕೇಳಿ ಉತ್ತರ ಕಂಡುಕೊಂಡರು. ಎದ್ದು ನಿಂತವನನ್ನು ಕೂಡಿಸಿದ ಮೇಷ್ಟರು ತಪ್ಪು ಮಾಡಿದ್ದರು. ಈ ಬರೆಹ ನಿನ್ನ ಕಣ್ಣಿಗೆ ಬಿದ್ದರೆ ಒಂದು ಸಾಲು ಬರೆ. ಅಂಕೋಲೆಗೆ ಬಂದರೆ ಮನೆಗೆ ಬಾ. ಹೆಂಚಿನ ಮಾಡಿನ ಕೆಳಗೆ ಕುಳಿತು ಮಾತನಾಡೋಣ.