ನ್ಯೂಯಾರ್ಕ್ ನಗರದಲ್ಲಿ ಶಾಲೆಯ ಆಯ್ಕೆ: ಬ್ರೂಕ್ಲಿನ್‌ನ ಒಂದು ವಲಯದ ನಿದರ್ಶನ

ಅಮೆರಿಕದ ಬಹುತೇಕ ಊರುಗಳಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂಬುದನ್ನು ಮನೆಯ ವಿಳಾಸವೇ ನಿರ್ಧರಿಸುತ್ತದೆ. ಆದ್ದರಿಂದಲೇ ಮಕ್ಕಳಿರುವ ಕುಟುಂಬಗಳು ಮನೆ ಕೊಳ್ಳುವ ಮುನ್ನ ಶಾಲೆಯನ್ನು ವಿಚಾರಿಸುತ್ತವೆ. ನ್ಯೂಯಾರ್ಕ್ ನಗರ ಇದಕ್ಕೆ ದೊಡ್ಡ ಅಪವಾದ. ಇಲ್ಲಿ ಪ್ರಾಥಮಿಕ ಶಾಲೆ ಬಹುಮಟ್ಟಿಗೆ ಮನೆಯ ಸಮೀಪದ್ದೇ ಆಗಿರುತ್ತದೆ. ಆದರೆ ಮಗು ಐದನೆಯ ತರಗತಿಯಲ್ಲಿರುವಾಗ ಮಾಧ್ಯಮಿಕ ಶಾಲೆಗಾಗಿ ಒಮ್ಮೆ, ಎಂಟನೆಯ ತರಗತಿಯಲ್ಲಿರುವಾಗ ಪ್ರೌಢಶಾಲೆಗಾಗಿ ಮತ್ತೊಮ್ಮೆ ಅರ್ಜಿ ಹಾಕಬೇಕು. ಮಾಧ್ಯಮಿಕ ಶಾಲೆ ಎಂದರೆ 6ರಿಂದ 8ನೆಯ ತರಗತಿ. ಪ್ರೌಢಶಾಲೆ ಎಂದರೆ 9ರಿಂದ 12ನೆಯ ತರಗತಿ. ಅಂದರೆ ಕರ್ನಾಟಕದ ಪಿಯುಸಿಗೆ ಸಮಾನವಾದ ಎರಡು ವರ್ಷಗಳೂ ಪ್ರೌಢಶಾಲೆಯೊಳಗೇ ಸೇರಿವೆ.

ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಈ ಪದ್ಧತಿ ಗೋಜಲಾಗಿ ಕಾಣುವುದು ಸಹಜ. ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಪ್ರಮಾಣದಿಂದಲೇ ಶಾಲೆಯನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿದೆ. ಈ ಲೇಖನದ ಉದ್ದೇಶ ಎರಡು: ಸೀಟು ಹಂಚಿಕೆಯ ಕ್ರಮವನ್ನು ವಿವರಿಸುವುದು, ಮತ್ತು ಪಟ್ಟಿಯಲ್ಲಿ ಶಾಲೆಗಳನ್ನು ಯಾವ ಮಾನದಂಡದಿಂದ ಜೋಡಿಸಬೇಕೆಂಬುದನ್ನು ಪರಿಶೀಲಿಸುವುದು.

ಹದಿನೈದನೆಯ ವಲಯ

ನಗರವನ್ನು 32 ಶಾಲಾ ವಲಯಗಳಾಗಿ ವಿಂಗಡಿಸಲಾಗಿದೆ. ಮಾಧ್ಯಮಿಕ ಶಾಲೆಯ ಆಯ್ಕೆ ಮುಖ್ಯವಾಗಿ ಆಯಾ ವಲಯದೊಳಗೆ ನಡೆಯುತ್ತದೆ. ಪ್ರೌಢಶಾಲೆಗೆ ಇಡೀ ನಗರವೇ ತೆರೆದಿರುತ್ತದೆ. ಬ್ರೂಕ್ಲಿನ್‌ನ ಹದಿನೈದನೆಯ ವಲಯ ಇಲ್ಲಿ ಒಳ್ಳೆಯ ನಿದರ್ಶನ. ಪಾರ್ಕ್ ಸ್ಲೋಪ್, ಕ್ಯಾರಲ್ ಗಾರ್ಡನ್ಸ್, ಕಾಬಲ್ ಹಿಲ್‌ನಂತಹ ಸಿರಿವಂತ ಬಡಾವಣೆಗಳೂ, ರೆಡ್ ಹುಕ್‌ನ ಸಾರ್ವಜನಿಕ ವಸತಿ ಸಮುಚ್ಚಯಗಳೂ, ಸನ್‌ಸೆಟ್ ಪಾರ್ಕ್‌ನ ವಲಸಿಗ ಕುಟುಂಬಗಳೂ ಇದರಲ್ಲಿವೆ.

2018ರವರೆಗೆ ಇಲ್ಲಿನ ಬಹುತೇಕ ಮಾಧ್ಯಮಿಕ ಶಾಲೆಗಳು ನಾಲ್ಕನೆಯ ತರಗತಿಯ ಅಂಕ, ರಾಜ್ಯಮಟ್ಟದ ಪರೀಕ್ಷೆ, ಹಾಜರಾತಿ ಮೊದಲಾದವನ್ನು ನೋಡಿ ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದವು. ಹೀಗೆ ಸೋಸಿ ಸೇರಿಸಿಕೊಳ್ಳುವ ಶಾಲೆಗಳಿಗೆ ಇಲ್ಲಿ ‘ಸ್ಕ್ರೀನ್ಡ್’ ಎಂಬ ಹೆಸರಿದೆ. ಪರಿಣಾಮವಾಗಿ ಒಂದೇ ವಲಯದ ಶಾಲೆಗಳು ಬಡವರ ಶಾಲೆ, ಉಳ್ಳವರ ಶಾಲೆ ಎಂದು ಬೇರ್ಪಟ್ಟವು. ಪೋಷಕರೂ ಶಿಕ್ಷಕರೂ ಸೇರಿ ರೂಪಿಸಿದ ಯೋಜನೆಯೊಂದನ್ನು 2018ರಲ್ಲಿ ನಗರಾಡಳಿತ ಒಪ್ಪಿತು. 2019ರಿಂದ ವಲಯದ 11 ಮಾಧ್ಯಮಿಕ ಶಾಲೆಗಳಲ್ಲೂ ಸೋಸುವಿಕೆ ನಿಂತು ಲಾಟರಿ ಬಂತು. ಪ್ರತಿ ಶಾಲೆಯಲ್ಲೂ ಶೇ. 52ರಷ್ಟು ಸೀಟುಗಳಿಗೆ ಕಡಿಮೆ ಆದಾಯದ ಕುಟುಂಬದವರು, ಇಂಗ್ಲಿಷ್ ಕಲಿಯುತ್ತಿರುವವರು ಹಾಗೂ ಸ್ವಂತ ನೆಲೆಯಿಲ್ಲದ ಮಕ್ಕಳಿಗೆ ಆದ್ಯತೆ ದೊರೆಯಿತು. ಇಡೀ ವಲಯದ ವಿದ್ಯಾರ್ಥಿಗಳಲ್ಲಿ ಇಂಥವರ ಪಾಲು ಆಗ ಅಷ್ಟೇ ಇತ್ತು. ಶಾಲೆ ಶಾಲೆಗಳ ನಡುವಿನ ಆರ್ಥಿಕ ಅಂತರ ಮೊದಲ ವರ್ಷದಿಂದಲೇ ಕುಗ್ಗತೊಡಗಿತು. ಹತ್ತು ವರ್ಷದ ಮಗುವಿನ ಅಂಕಪಟ್ಟಿಯೇ ಮುಂದಿನ ದಾರಿಯನ್ನು ನಿರ್ಧರಿಸುವ ಸ್ಥಿತಿ ಅಲ್ಲಿಗೆ ಕೊನೆಗೊಂಡಿತು.

ಪ್ರೌಢಶಾಲೆಯ ಪಟ್ಟಿ ಮತ್ತು ಹೊಂದಾಣಿಕೆ

ಪ್ರೌಢಶಾಲೆಯ ಹಂತದಲ್ಲಿ ಚಿತ್ರ ಬದಲಾಗುತ್ತದೆ. ನಗರದಲ್ಲಿ 400ಕ್ಕೂ ಹೆಚ್ಚು ಪ್ರೌಢಶಾಲೆಗಳಿವೆ. ಒಂದೇ ಶಾಲೆಯೊಳಗೆ ಬೇರೆ ಬೇರೆ ಪ್ರವೇಶ ನಿಯಮಗಳುಳ್ಳ ಹಲವು ವಿಭಾಗಗಳೂ ಇರಬಹುದು. ಒಂದೇ ಕಟ್ಟಡದಲ್ಲಿ ಹಲವು ಶಾಲೆಗಳಿರುವುದೂ ಉಂಟು. ಪಾರ್ಕ್ ಸ್ಲೋಪ್‌ನ ಜಾನ್ ಜೇ ಕಟ್ಟಡ ಅದಕ್ಕೆ ಉದಾಹರಣೆ. ಎಂಟನೆಯ ತರಗತಿಯ ಮಗು 12 ವಿಭಾಗಗಳವರೆಗೆ ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಬಹುದು. ಅರ್ಜಿ ಶರತ್ಕಾಲದಲ್ಲಿ ತೆರೆದು ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ಫಲಿತಾಂಶ ಮಾರ್ಚ್ ತಿಂಗಳಲ್ಲಿ ಬರುತ್ತದೆ.

ಈ ಪಟ್ಟಿಯನ್ನು ನಿರ್ವಹಿಸುವ ಗಣಿತ ಅಮೆರಿಕಕ್ಕೆ ಬಂದ ಭಾರತೀಯ ವೈದ್ಯರಿಗೆಲ್ಲ ಪರಿಚಿತ. ಇಲ್ಲಿ ವೈದ್ಯಕೀಯ ಪದವೀಧರರನ್ನೂ ಆಸ್ಪತ್ರೆಗಳ ತರಬೇತಿ ಹುದ್ದೆಗಳನ್ನೂ ಹೊಂದಿಸುವ ‘ಮ್ಯಾಚ್’ 1952ರಿಂದ ನಡೆದುಬಂದಿದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶ್ಯಾಪ್ಲಿ ಇಂತಹ ಹೊಂದಾಣಿಕೆಯ ಗಣಿತವನ್ನು ನಿರೂಪಿಸಿದರು. ಆಲ್ವಿನ್ ರಾತ್ ಅದನ್ನು ಆಧರಿಸಿ 1990ರ ದಶಕದಲ್ಲಿ ವೈದ್ಯರ ಮ್ಯಾಚ್ ಅನ್ನು ಪರಿಷ್ಕರಿಸಿದರು; ಬಳಿಕ ಆಟಿಲಾ ಅಬ್ದುಲ್‌ಕಾದಿರೋಗ್ಲು ಮತ್ತು ಪರಾಗ್ ಪಾಠಕ್ ಅವರೊಂದಿಗೆ ನ್ಯೂಯಾರ್ಕ್‌ನ ಪ್ರೌಢಶಾಲೆಗಳಿಗೂ ಅಳವಡಿಸಿದರು. ಶ್ಯಾಪ್ಲಿ ಮತ್ತು ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಅದರ ಕ್ರಮ ಹೀಗಿದೆ. ಗಣಕವು ಪ್ರತಿ ಮಗುವನ್ನೂ ಅದರ ಮೊದಲ ಆಯ್ಕೆಯ ಶಾಲೆಗೆ ಕಳುಹಿಸುತ್ತದೆ. ಶಾಲೆ ತನ್ನ ಆದ್ಯತಾ ನಿಯಮದ ಪ್ರಕಾರ ಸೀಟು ಇರುವಷ್ಟು ಮಕ್ಕಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಬಿಡುತ್ತದೆ. ಬಿಟ್ಟವರು ತಮ್ಮ ಎರಡನೆಯ ಆಯ್ಕೆಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಹೆಚ್ಚಿನ ಆದ್ಯತೆ ಇದ್ದರೆ, ಮೊದಲೇ ಇದ್ದ ಇನ್ನೊಂದು ಮಗು ಜಾಗ ಬಿಟ್ಟು ಮುಂದೆ ಹೋಗಬೇಕಾಗುತ್ತದೆ. ಚಲನೆ ಪೂರ್ಣವಾಗಿ ನಿಂತ ಮೇಲಷ್ಟೇ ಸೀಟು ಖಚಿತವಾಗುತ್ತದೆ.

ಇದರಿಂದ ಹೊರಡುವ ನೀತಿ ಸರಳ: ನಿಜವಾದ ಇಷ್ಟದ ಕ್ರಮದಲ್ಲೇ ಪಟ್ಟಿ ಬರೆಯಬೇಕು. ಸಿಗುವುದು ಕಷ್ಟವೆನಿಸಿದ ಶಾಲೆಯನ್ನು ಮೊದಲು ಬರೆದರೆ ಎರಡನೆಯ ಶಾಲೆಯ ಅವಕಾಶ ಕಡಿಮೆಯಾಗುವುದಿಲ್ಲ. ಯಾವ ಸ್ಥಾನದಲ್ಲಿ ಬರೆದಿದ್ದೀರಿ ಎಂಬುದು ಶಾಲೆಗೆ ತಿಳಿಯುವುದೂ ಇಲ್ಲ. 2003ಕ್ಕಿಂತ ಮುಂಚೆ ಹೀಗಿರಲಿಲ್ಲ. ಆಗ ಐದೇ ಆಯ್ಕೆಗಳಿದ್ದವು, ಶಾಲೆಗಳು ಪಟ್ಟಿಯ ಕ್ರಮವನ್ನು ನೋಡಬಹುದಿತ್ತು. ಕೆಲವು ಮಕ್ಕಳ ಕೈಗೆ ಹಲವು ಸೀಟು ಬಂದರೆ, ಸುಮಾರು 30 ಸಾವಿರ ಮಕ್ಕಳು ತಾವು ಕೇಳದೇ ಇದ್ದ ಶಾಲೆಗೆ ಹೋಗಬೇಕಾಗುತ್ತಿತ್ತು. ಹೊಸ ಕ್ರಮದ ಮೊದಲ ವರ್ಷದಲ್ಲೇ ಆ ಸಂಖ್ಯೆ ಸುಮಾರು 3 ಸಾವಿರಕ್ಕೆ ಇಳಿಯಿತು.

ಕರ್ನಾಟಕದ ಸಿಇಟಿಯಲ್ಲಿ ಆಯ್ಕೆಗಳನ್ನು ನಮೂದಿಸಿದವರಿಗೆ ಇದು ಹೊಸದೆನಿಸದು. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ರ್‍ಯಾಂಕು ಒಂದೇ, ಅದು ಎಲ್ಲ ಕಾಲೇಜುಗಳಿಗೂ ಅನ್ವಯಿಸುತ್ತದೆ. ಇಲ್ಲಿ ಒಂದೊಂದು ವಿಭಾಗಕ್ಕೂ ತನ್ನದೇ ನಿಯಮ: ಕೆಲವು ಅಂಕ ನೋಡುತ್ತವೆ, ಕೆಲವು ಕಲಾಪ್ರದರ್ಶನ ಕೇಳುತ್ತವೆ, ಕೆಲವು ಸಮೀಪದವರಿಗೆ ಆದ್ಯತೆ ಕೊಡುತ್ತವೆ, ಕೆಲವು ಮೇಲು, ಮಧ್ಯ, ಕೆಳ ಸ್ತರಗಳ ಮಕ್ಕಳನ್ನು ಬೆರೆಸಿ ತೆಗೆದುಕೊಳ್ಳುತ್ತವೆ, ಇನ್ನು ಕೆಲವು ಲಾಟರಿಯನ್ನಷ್ಟೇ ನಂಬುತ್ತವೆ.

ಲಾಟರಿಯ ಸಂಖ್ಯೆಯನ್ನು ಓದುವುದು

ಸಮಾನ ಆದ್ಯತೆಯ ಮಕ್ಕಳ ನಡುವೆ ನಿರ್ಣಯಿಸುವುದು ಲಾಟರಿ ಸಂಖ್ಯೆ. ಪ್ರತಿ ಅರ್ಜಿದಾರನಿಗೂ 32 ಚಿಹ್ನೆಗಳ ಉದ್ದದ ಒಂದು ಸಂಖ್ಯೆ ಸಿಗುತ್ತದೆ; ಅದು ಹದಿನಾರನ್ನು ಆಧಾರವಾಗಿಟ್ಟುಕೊಂಡ ಎಣಿಕೆ. ಅಂದಾಜಿಗೆ ಮೊದಲ ಎರಡು ಚಿಹ್ನೆಗಳು ಸಾಕು. ಮೊದಲನೆಯದನ್ನು 16ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿ 256ರಿಂದ ಭಾಗಿಸಬೇಕು. ಸಂಖ್ಯೆ 40 ಎಂದು ಆರಂಭವಾದರೆ 64 ಭಾಗಿಸು 256, ಅಂದರೆ ಮಗು ಸಾಲಿನ ಮೊದಲ ಕಾಲು ಭಾಗದ ಅಂಚಿನಲ್ಲಿದೆ. 80 ಎಂದು ಆರಂಭವಾದರೆ ನೂರರಲ್ಲಿ ಎಂಬತ್ತನೆಯ ಸ್ಥಾನವೆಂದು ಗಾಬರಿಪಡಬೇಕಿಲ್ಲ. ಅದು ಸರಿಯಾಗಿ ನಡುಮಧ್ಯ. ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. ದೊಡ್ಡ ಸಂಖ್ಯೆ ಬಂದವರು ಇಷ್ಟದ ಕ್ರಮವನ್ನು ಬದಲಿಸಬೇಕಾಗಿಲ್ಲ. ಆದರೆ ಪಟ್ಟಿಯ 12 ಸ್ಥಾನಗಳನ್ನೂ ತುಂಬಿಸಿ, ಕೊನೆಯಲ್ಲಿ ಬೇಡಿಕೆ ಕಡಿಮೆಯಿರುವ, ಆದರೂ ಒಪ್ಪಿಗೆಯಾಗುವ ಕೆಲವು ಶಾಲೆಗಳನ್ನು ಸೇರಿಸುವುದು ಅಗತ್ಯ.

ಪರೀಕ್ಷೆಯಿಂದ ಪ್ರವೇಶಿಸುವ ಶಾಲೆಗಳು

ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಸೇರಿ ಎಂಟು ವಿಶೇಷ ಪ್ರೌಢಶಾಲೆಗಳಿಗೆ ಒಂದೇ ಪರೀಕ್ಷೆಯ ಅಂಕವೇ ಮಾನದಂಡ. ತರಗತಿಯ ಅಂಕಗಳಿಗೆ ಅಲ್ಲಿ ಬೆಲೆಯಿಲ್ಲ. ಮೊದಲ ಮೂರು ಶಾಲೆಗಳಿಗೆ ಸಂಬಂಧಿಸಿದ ನಿಯಮ 1971ರ ರಾಜ್ಯ ಕಾಯಿದೆಯಲ್ಲೇ ಇದೆ. ಪ್ರತಿವರ್ಷ ಸುಮಾರು 25 ಸಾವಿರ ಮಕ್ಕಳು ಬರೆದು ಸುಮಾರು 4 ಸಾವಿರ ಮಂದಿ ಸೀಟು ಪಡೆಯುತ್ತಾರೆ. 2019ರಲ್ಲಿ ಸ್ಟೈವೆಸೆಂಟ್ ನೀಡಿದ 895 ಸೀಟುಗಳಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕಿದ್ದು 7. ಪರೀಕ್ಷೆಯನ್ನು ರದ್ದುಗೊಳಿಸುವ ಪ್ರಸ್ತಾಪ ಬಂದಾಗ ಅದನ್ನು ತೀವ್ರವಾಗಿ ವಿರೋಧಿಸಿದವರಲ್ಲಿ ಏಷ್ಯಾ ಮೂಲದ ಪೋಷಕರು ಬಹಳ ಮಂದಿ. ಅವರಲ್ಲಿ ಅನೇಕರು ಬಡವರು, ಈ ಪರೀಕ್ಷೆಯೇ ತಮ್ಮ ಮಕ್ಕಳಿಗಿರುವ ಏಣಿಯೆಂದು ನಂಬಿದವರು. ಎರಡೂ ಕಡೆಯ ನೋವು ನಿಜವಾದದ್ದೇ.

ಭಾರತೀಯ ಕುಟುಂಬಗಳಲ್ಲಿ ಈ ಪರೀಕ್ಷೆಯ ತರಬೇತಿ ಆರನೆಯ ತರಗತಿಯಿಂದಲೇ ಆರಂಭವಾಗುವುದುಂಟು. ಹಾಗಿರುವಾಗ ಒಂದು ಅಧ್ಯಯನ ಗಮನಾರ್ಹ. ಅಬ್ದುಲ್‌ಕಾದಿರೋಗ್ಲು, ಜೋಶುವಾ ಆಂಗ್ರಿಸ್ಟ್ ಮತ್ತು ಪಾಠಕ್ ಬಾಸ್ಟನ್ ಹಾಗೂ ನ್ಯೂಯಾರ್ಕ್‌ನ ಇಂಥ ಶಾಲೆಗಳಿಗೆ ಕೂದಲೆಳೆಯಲ್ಲಿ ಪ್ರವೇಶ ಪಡೆದವರನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರನ್ನೂ ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದಿನ ಪರೀಕ್ಷೆಗಳ ಅಂಕಗಳಲ್ಲಿ ಈ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಶಾಲೆಗಳಲ್ಲಿ ಸ್ನೇಹಿತರು, ಪ್ರಯೋಗಾಲಯ, ಉನ್ನತ ಗಣಿತ ಇವೆಲ್ಲ ಇವೆ, ಅವಕ್ಕೆ ಬೆಲೆಯೂ ಇದೆ. ಆದರೆ ಒಂದೆರಡು ಅಂಕಗಳಿಂದ ಸೀಟು ತಪ್ಪಿದ ಹದಿಮೂರರ ಮಗುವಿನ ಭವಿಷ್ಯವೇ ತಪ್ಪಿತೆಂದು ಶೋಕಿಸಲು ಆಧಾರವಿಲ್ಲ.

ಒಳ್ಳೆಯ ಶಾಲೆ ಎಂದರೇನು

ವೈದ್ಯಕೀಯದಲ್ಲಿ ಇದಕ್ಕೆ ಹೋಲುವ ಹಳೆಯ ಪ್ರಶ್ನೆಯೊಂದಿದೆ. ಆರೋಗ್ಯವಂತರನ್ನೇ ದಾಖಲಿಸಿಕೊಳ್ಳುವ ಆಸ್ಪತ್ರೆಯಲ್ಲಿ ಸಾವುಗಳು ಕಡಿಮೆ. ಕಡುರೋಗಿಗಳನ್ನು ಸ್ವೀಕರಿಸುವ ಆಸ್ಪತ್ರೆಯಲ್ಲಿ ಹೆಚ್ಚು. ಬರಿಯ ಎಣಿಕೆಯಿಂದ ವೈದ್ಯರ ಕೌಶಲ ತಿಳಿಯದು. ಆದ್ದರಿಂದಲೇ ನ್ಯೂಯಾರ್ಕ್ ರಾಜ್ಯ 1990ರ ದಶಕದ ಆರಂಭದಿಂದ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶಗಳನ್ನು ರೋಗಿಗಳ ಮೂಲ ಸ್ಥಿತಿಗೆ ಅನುಗುಣವಾಗಿ ಸರಿದೂಗಿಸಿ ಪ್ರಕಟಿಸುತ್ತ ಬಂದಿದೆ.

ಶಾಲೆಗೂ ಇದೇ ವಿವೇಕ ಸಲ್ಲಬೇಕು. ಅಂಕ ನೋಡಿ ಸೋಸಿದ ಶಾಲೆಯ ಫಲಿತಾಂಶ ಹೆಚ್ಚಿರುವುದರಲ್ಲಿ ಅಚ್ಚರಿಯಿಲ್ಲ. ಆ ಶಾಲೆ ಮಗುವನ್ನು ಎಲ್ಲಿಂದ ಎಲ್ಲಿಗೆ ಕೊಂಡೊಯ್ದಿತು ಎಂಬುದೇ ಕೇಳಬೇಕಾದ ಪ್ರಶ್ನೆ. ನ್ಯೂಯಾರ್ಕ್‌ನ ಪೋಷಕರು ಸಲ್ಲಿಸಿದ ಪ್ರೌಢಶಾಲಾ ಪಟ್ಟಿಗಳನ್ನೇ ಆಧರಿಸಿ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಪೋಷಕರು ಸಹಪಾಠಿಗಳ ಮಟ್ಟವನ್ನು ನೋಡಿ ಶಾಲೆಯನ್ನು ಆರಿಸುತ್ತಾರೆ. ಆ ಅಂಶವನ್ನು ಬದಿಗಿಟ್ಟರೆ, ಕಲಿಕೆಯನ್ನು ಹೆಚ್ಚಿಸುವ ಶಾಲೆಗೆ ವಿಶೇಷ ಬೇಡಿಕೆ ಕಂಡುಬರುವುದಿಲ್ಲ.

ನಗರದ ಶಿಕ್ಷಣ ಇಲಾಖೆ ಪ್ರಕಟಿಸುವ ಶಾಲಾ ಗುಣಮಟ್ಟದ ವರದಿಗಳಲ್ಲಿ, ಇದೇ ಹಿನ್ನೆಲೆಯ ಮಕ್ಕಳು ಬೇರೆಡೆ ಸಾಧಿಸಿದ್ದರೊಂದಿಗೆ ಹೋಲಿಸುವ ಅಂಕಿಗಳಿರುತ್ತವೆ. ಮೊದಲು ಓದಬೇಕಾದುದು ಅವನ್ನು. ಶಾಲಾ ದಿನಗಳಲ್ಲಿ ಶೇ. 10ರಷ್ಟಾದರೂ ತಪ್ಪಿಸಿಕೊಳ್ಳುವ ಮಕ್ಕಳ ಪ್ರಮಾಣ, ವಾರ್ಷಿಕ ಸಮೀಕ್ಷೆಯಲ್ಲಿ ಶಿಕ್ಷಕರೂ ಮಕ್ಕಳೂ ಕೊಟ್ಟ ಉತ್ತರ ಇವೂ ಬಹಳಷ್ಟನ್ನು ಹೇಳುತ್ತವೆ. ಶಾಲೆಗೆ ಭೇಟಿ ಕೊಟ್ಟಾಗ ಗೋಡೆಯ ಮೇಲಿನ ಪದಕಗಳಿಗಿಂತ, ಪಾಠದಲ್ಲಿ ಹಿಂದುಳಿದ ಮಗುವಿಗೆ ಏನು ಮಾಡುತ್ತಾರೆಂದು ಕೇಳುವುದು ಹೆಚ್ಚು ಪ್ರಯೋಜನಕಾರಿ.

ದೂರ, ನಿದ್ರೆ, ಆರೋಗ್ಯ

ಹಳದಿ ಶಾಲಾ ಬಸ್ಸಿನ ಸೌಲಭ್ಯ ಸಾಮಾನ್ಯವಾಗಿ ಆರನೆಯ ತರಗತಿಯೊಂದಿಗೆ ಮುಗಿಯುತ್ತದೆ. ಆಮೇಲೆ ವಿದ್ಯಾರ್ಥಿಗಳಿಗೆ ಮೆಟ್ರೊ ಮತ್ತು ಸಿಟಿ ಬಸ್ಸಿನ ಉಚಿತ ಕಾರ್ಡು. ಪಾರ್ಕ್ ಸ್ಲೋಪ್‌ನಿಂದ ಬ್ರಾಂಕ್ಸ್ ಸೈನ್ಸ್‌ಗೆ ಒಂದು ಗಂಟೆಗೂ ಮೀರಿದ ಪಯಣ. ಎಂಟು ಗಂಟೆಗೆ ತರಗತಿ ಎಂದರೆ ಆರಕ್ಕೆ ಮುಂಚೆ ಏಳಬೇಕು.

ಹದಿಹರೆಯದಲ್ಲಿ ನಿದ್ರೆಯನ್ನು ತರುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಬೇಗ ಮಲಗೆಂದರೆ ನಿದ್ದೆ ಬಾರದಿರುವುದು ಮಗುವಿನ ಹಠವಲ್ಲ, ದೇಹಧರ್ಮ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಮಾಧ್ಯಮಿಕ ಹಾಗೂ ಪ್ರೌಢಶಾಲೆಗಳು ಬೆಳಗ್ಗೆ 8:30ಕ್ಕೆ ಮುಂಚೆ ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಶಿಫಾರಸು ಮಾಡಿತು. ನಿದ್ರೆಯ ಕೊರತೆ ಏಕಾಗ್ರತೆಯನ್ನಷ್ಟೇ ಅಲ್ಲ, ಮನಸ್ಸಿನ ಸ್ಥಿತಿಯನ್ನೂ ಕೆಡಿಸುತ್ತದೆ. ನಾಲ್ಕು ವರ್ಷ ದಿನಕ್ಕೆ ಒಂದು ಗಂಟೆ ನಿದ್ರೆ ಕಳೆದುಕೊಳ್ಳುವುದಕ್ಕೆ ತಕ್ಕಷ್ಟು ಲಾಭ ಆ ಶಾಲೆಯಲ್ಲಿದೆಯೇ ಎಂದು ತೂಗಿ ನೋಡಬೇಕು.

ಆಸ್ತಮಾ, ಮಧುಮೇಹ, ಅಪಸ್ಮಾರ ಅಥವಾ ತೀವ್ರ ಆಹಾರ ಅಲರ್ಜಿಯಿರುವ ಮಕ್ಕಳ ಪೋಷಕರು ಶಾಲೆಯಲ್ಲಿ ದಾದಿ ಇಡೀ ದಿನ ಇರುತ್ತಾರೆಯೇ ಎಂದು ವಿಚಾರಿಸಬೇಕು. 1973ರ ಪುನರ್ವಸತಿ ಕಾಯಿದೆಯ 504ನೆಯ ವಿಧಿಯಂತೆ ಇಂಥ ಮಕ್ಕಳಿಗೆ ಬೇಕಾದ ಅನುಕೂಲಗಳನ್ನು ಲಿಖಿತವಾಗಿ ಪಡೆಯುವ ಹಕ್ಕಿದೆ. ನಡೆಯಲು ತೊಂದರೆಯಿರುವ ಮಗುವಾದರೆ ಲಿಫ್ಟ್ ಇದೆಯೇ ಎಂದು ಮೊದಲೇ ನೋಡಬೇಕು. ಹಳೆಯ ಕಟ್ಟಡಗಳು ಅನೇಕವು ಮೆಟ್ಟಿಲುಗಳನ್ನೇ ನಂಬಿವೆ.

ಪಟ್ಟಿ ಬರೆಯುವ ಮುನ್ನ

ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಿಂದಿನ ವರ್ಷ ಅರ್ಜಿ ಹಾಕಿದವರ ಮಾತಿಗಿಂತ ಆ ವರ್ಷದ ಅಧಿಕೃತ ಕೈಪಿಡಿಯನ್ನು ನಂಬುವುದು ಲೇಸು. ಮಗು ಹೋಗಲು ಒಪ್ಪದ ಶಾಲೆಯನ್ನು ಪಟ್ಟಿಯಲ್ಲಿ ಸೇರಿಸಬಾರದು, ಏಕೆಂದರೆ ಅದೇ ಸಿಗಬಹುದು. ಸಿಕ್ಕಿದ ಶಾಲೆಗಿಂತ ಮೇಲೆ ಬರೆದ ಶಾಲೆಗಳ ಕಾಯುವ ಪಟ್ಟಿಗೆ ಹೆಸರು ತಾನಾಗಿ ಸೇರುತ್ತದೆ. ಬೇಸಿಗೆಯವರೆಗೂ ಸ್ವಲ್ಪ ಚಲನೆ ಇರುತ್ತದೆ.

ಪ್ರೌಢಶಾಲೆಯ ಪಟ್ಟಿಯನ್ನು ಮಗುವಿನೊಂದಿಗೆ ಕುಳಿತು ಬರೆಯಬೇಕು. ಯಾವ ಶಾಲೆಯ ಮೊಗಸಾಲೆಯಲ್ಲಿ ತಾನು ಹಗುರಾಗಿ ನಡೆದೆ ಎಂಬುದು ಆ ವಯಸ್ಸಿನ ಮಗುವಿಗೆ ಗೊತ್ತಿರುತ್ತದೆ. ಮಾರ್ಚ್ ತಿಂಗಳಲ್ಲಿ ಬರುವ ಉತ್ತರದಲ್ಲಿ ಲಾಟರಿಯ ಪಾಲು ಎಷ್ಟು, ಸೀಟುಗಳ ಕೊರತೆಯ ಪಾಲು ಎಷ್ಟು ಎಂಬುದನ್ನು ಮೊದಲೇ ವಿವರಿಸಿದ್ದರೆ, ಏನೇ ಬಂದರೂ ಅದನ್ನು ತನ್ನ ಯೋಗ್ಯತೆಯ ತೀರ್ಪೆಂದು ಮಗು ಭಾವಿಸುವುದಿಲ್ಲ.