ಗೊರಸು ಹೆರೆಯುವ ಕಸುಬು: ಲಾಳವಿಲ್ಲದ ಕುದುರೆಯ ಆರೈಕೆ

ಕುದುರೆಗೆ ಲಾಳ ಹೊಡೆಯದೆ, ಬೆಳೆದ ಗೊರಸನ್ನು ಆಗಾಗ ಹೆರೆದು, ಅಂಚನ್ನು ದುಂಡಗೆ ಮಾಡಿ, ಬರಿಗಾಲಲ್ಲೇ ನಡೆಯುವಂತೆ ಕಾಪಾಡುವ ಕಸುಬು. ಲಾಳ ಕಾಣದ ಕುದುರೆ ಲೋಕಕ್ಕೆ ಹೊಸದೇನಲ್ಲ. ಆದರೆ ಲಾಳದವನಿಂದ ಬೇರೆಯಾಗಿ ‘ಹೆರೆಯುವವನು’ ಎಂಬೊಬ್ಬ ಕಸುಬುದಾರ ಹುಟ್ಟಿದ್ದು 20ನೆಯ ಶತಮಾನದ ಕೊನೆಯಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ. ಗೊರಸನ್ನು ಅದರ ಪಾಡಿಗೆ ಬಿಟ್ಟುಬಿಡುವುದೇ ಈ ಪದ್ಧತಿ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ಲಾಳ ಹೊಡೆಸುವುದಕ್ಕಿಂತ ಹೆಚ್ಚು ಕೆಲಸ ಬೇಡುತ್ತದೆ.

ನ್ಯೂಯಾರ್ಕಿನ ಬೆಲ್‌ರೋಸ್ ಈ ಎರಡು ಕಸುಬುಗಳನ್ನು ಜೊತೆಗಿಟ್ಟು ನೋಡಲು ತಕ್ಕ ಜಾಗ. ಕ್ವೀನ್ಸ್ ಮತ್ತು ನಸಾವು ಕೌಂಟಿಗಳ ಗಡಿಯಲ್ಲಿರುವ ಈ ಬಡಾವಣೆಗೆ ತಾಗಿದಂತೆಯೇ 1905ರ ಮೇ 4ರಂದು ಆರಂಭವಾದ ಬೆಲ್ಮಾಂಟ್ ಪಾರ್ಕ್ ರೇಸ್ ಮೈದಾನವಿದೆ. ಅಲ್ಲಿನ ಲಾಯಗಳಲ್ಲಿ ಲಾಳದವರದೇ ದರ್ಬಾರು. ರೇಸ್ ಕುದುರೆಗೆ ಹೊಡೆಯುವುದು ಹಗುರವಾದ ಅಲ್ಯುಮಿನಿಯಂ ಲಾಳ. ಮೈದಾನದೊಳಗೆ ಕೆಲಸ ಮಾಡಲು ರಾಜ್ಯದ ಪರವಾನಗಿ ಬೇಕು. 1973ರ ಜೂನ್ 9ರಂದು ಸೆಕ್ರೆಟೇರಿಯಟ್ ಎಂಬ ಕುದುರೆ ಇಲ್ಲಿ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ, 31 ಕುದುರೆಯುದ್ದದ ಅಂತರದಿಂದ ಗೆದ್ದಿತು. ಅದೇ ಕುದುರೆಯನ್ನು 1989ರ ಅಕ್ಟೋಬರಿನಲ್ಲಿ ಕೆಂಟಕಿಯಲ್ಲಿ ದಯಾಮರಣಕ್ಕೆ ಒಪ್ಪಿಸಬೇಕಾಯಿತು. ಕಾರಣ ಲ್ಯಾಮಿನೈಟಿಸ್: ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಉರಿಯೂತಕ್ಕೆ ತುತ್ತಾಗಿ ಸಡಿಲಗೊಂಡು, ಮೂಳೆಯೇ ಅಂಗಾಲಿನ ಕಡೆಗೆ ವಾಲುವ ಕಾಯಿಲೆ. ಬರಿಗೊರಸಿನ ಕಸುಬಿನವರು ತಮ್ಮ ವಿದ್ಯೆಯನ್ನು ಹೆಚ್ಚಾಗಿ ಒರೆಗೆ ಹಚ್ಚಿದ್ದು ಇದೇ ಕಾಯಿಲೆಯ ಮೇಲೆ.

ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನನಿಗೆ ಮೊಳೆ ಹೊಡೆದ ಲಾಳ ಗೊತ್ತಿರಲಿಲ್ಲ. ಒದ್ದೆ ನೆಲ, ನುಣುಪಾದ ನೆಲ ಎಂಥ ಒಳ್ಳೆಯ ಗೊರಸನ್ನೂ ಕೆಡಿಸುತ್ತದೆ ಎಂದು ಅವನು ಬರೆದ. ಲಾಯದ ಅಂಗಳಕ್ಕೆ ದುಂಡುಕಲ್ಲು ಹರಡಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಬೇಕು ಎಂಬುದು ಅವನ ಸಲಹೆ. ಇಂದಿಗೂ ಈ ಕಸುಬಿನವರು ಕುದುರೆಯ ಬಯಲಿಗೆ ಜಲ್ಲಿ ಹಾಕಿಸುವಾಗ ಆಡುವ ಮಾತು ಇದೇ. ರೋಮನ್ನರು ಕಾಲಿಗೆ ಕಟ್ಟಿ ಬಿಚ್ಚುವ ಲೋಹದ ಪಾದರಕ್ಷೆ ಬಳಸಿದರು. ಮೊಳೆಯ ಲಾಳ ಯುರೋಪಿನಲ್ಲಿ ಬಳಕೆಗೆ ಬಂದದ್ದು ಮಧ್ಯಯುಗದಲ್ಲಿ. ಕರ್ನಾಟಕದಲ್ಲೂ ಲಾಳದ ಕೆಲಸ ಹಳೆಯದೇ. ಉತ್ತರದ ಜಿಲ್ಲೆಗಳಲ್ಲಿ ನಾಲಬಂದ ಎಂಬ ಅಡ್ಡಹೆಸರು ಇನ್ನೂ ಉಳಿದಿದೆ. ಟಾರು ರಸ್ತೆಯ ಜಟಕಾ ಕುದುರೆಗೂ ಗಾಡಿ ಎತ್ತಿಗೂ ಲಾಳ ಕಟ್ಟಿಸದೆ ಗತಿಯಿರಲಿಲ್ಲ.

ಲಾಳದ ವಿರುದ್ಧ ಮೊದಲು ಗಟ್ಟಿಯಾಗಿ ದನಿಯೆತ್ತಿದವರಲ್ಲಿ ಇಂಗ್ಲೆಂಡಿನ ಪಶುವೈದ್ಯ ಬ್ರೇಸಿ ಕ್ಲಾರ್ಕ್ (1771–1860) ಮುಖ್ಯನು. ಬದುಕಿರುವ ಕುದುರೆಯ ಗೊರಸು ಹೆಜ್ಜೆಯ ಭಾರಕ್ಕೆ ತುಸು ಅಗಲವಾಗಿ ಮತ್ತೆ ಕೂಡಿಕೊಳ್ಳುತ್ತದೆ, ಮೊಳೆ ಹೊಡೆದ ಕಬ್ಬಿಣ ಆ ಚಲನೆಯನ್ನು ಕಟ್ಟಿಹಾಕುತ್ತದೆ ಎಂದು ಅವನು ಪ್ರಯೋಗಗಳಿಂದ ವಾದಿಸಿದ. ವಾದ ಸರಿಯಿದ್ದರೂ ಕಲ್ಲುಹಾಸಿನ ಬೀದಿಗಳಲ್ಲಿ ದಿನವಿಡೀ ಗಾಡಿ ಎಳೆಯುವ ಕುದುರೆಗೆ ಬೇರೆ ದಾರಿ ಏನೆಂದು ಹೇಳುವುದು ಸುಲಭವಿರಲಿಲ್ಲ. ಅವನ ಮಾತು ಪುಸ್ತಕದಲ್ಲೇ ಉಳಿಯಿತು.

ತಿರುವು ಬಂದದ್ದು ಜೇಮಿ ಜಾಕ್ಸನ್ ಎಂಬ ಅಮೆರಿಕದ ಲಾಳದವನಿಂದ. ಅವನು 1982ರಿಂದ 1986ರವರೆಗೆ ಗ್ರೇಟ್ ಬೇಸಿನ್ ಮರುಸೀಮೆಯ ಕಾಡುಕುದುರೆಗಳ ಗೊರಸುಗಳನ್ನು ಗಮನಿಸಿದ. ಯಾರೂ ಮುಟ್ಟದ ಆ ಗೊರಸುಗಳ ಹಿಮ್ಮಡಿ ಗಿಡ್ಡ, ಗೋಡೆ ದಪ್ಪ, ಮುಂತುದಿ ಸವೆದು ದುಂಡಗೆ, ಅಂಗಾಲು ಒಳಕ್ಕೆ ತಗ್ಗು. 1992ರಲ್ಲಿ ಅವನ ‘ದ ನ್ಯಾಚುರಲ್ ಹಾರ್ಸ್’ ಹೊರಬಂತು. ಕಾಡುಕುದುರೆಯ ಗೊರಸೇ ಸಾಕುಕುದುರೆಗೂ ಅಳತೆಗೋಲು ಎಂಬ ವಿಚಾರ ಅಲ್ಲಿಂದ ಹಬ್ಬಿತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಬೌಕರ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಚಾರಕ್ಕೆ ಬಲ ಕೊಟ್ಟಿತು. ಗೊರಸಿನ ಹಿಂಭಾಗದ ಮೃದ್ವಸ್ಥಿ ಮತ್ತು ಮೆತ್ತೆಯಂಥ ಅಂಗಾಂಶದೊಳಗಿನ ರಕ್ತದ ಹರಿವೇ ಹೆಜ್ಜೆಯ ಪೆಟ್ಟನ್ನು ಹೀರಿಕೊಳ್ಳುತ್ತದೆ ಎಂಬುದು ಅವನ ಊಹೆ. ಜಾರ್ಜಿಯಾದ ಪೀಟ್ ರೇಮಿ 2003ರಲ್ಲಿ ಬರೆದ ಕೈಪಿಡಿ ಈ ವಿದ್ಯೆಯನ್ನು ಲಾಯದ ಮಾಲೀಕರ ಕೈಗೇ ತಲುಪಿಸಿತು. ಹ್ಯೂಸ್ಟನ್ ಪೊಲೀಸರ ಅಶ್ವದಳ ಲಾಳ ಬಿಟ್ಟು ನಗರದ ಡಾಂಬರಿನ ಮೇಲೆ ಗಸ್ತು ತಿರುಗಿದ್ದು ಹಲವು ಸಂಶಯಗಳಿಗೆ ಉತ್ತರವಾಯಿತು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಜರ್ಮನಿಯ ಪಶುವೈದ್ಯೆ ಹಿಲ್‌ಟ್ರುಡ್ ಶ್ಟ್ರಾಸರ್ ಅವರ ಪದ್ಧತಿಯಲ್ಲಿ ಹಿಮ್ಮಡಿಯನ್ನು ಅತಿಯಾಗಿ ತಗ್ಗಿಸಲಾಗುತ್ತದೆ, ಕುದುರೆ ನೋವು ಪಡುತ್ತದೆ ಎಂದು ಅನೇಕರು ಆಕ್ಷೇಪಿಸಿದರು. ಇನ್ನೊಂದು ಪೆಟ್ಟು ಆಸ್ಟ್ರೇಲಿಯಾದಿಂದ ಬಂತು. ಅಲ್ಲಿನ ಬ್ರಂಬಿ ಕಾಡುಕುದುರೆಗಳ ಗೊರಸನ್ನು ಬ್ರಯಾನ್ ಹ್ಯಾಂಪ್‌ಸನ್ ಮತ್ತು ಕ್ರಿಸ್ ಪೊಲಿಟ್ ಪರೀಕ್ಷಿಸಿದಾಗ ಅವುಗಳ ಆಕಾರ ನೆಲಕ್ಕೆ ತಕ್ಕಂತೆ ಬದಲಾಗುವುದು ಕಂಡಿತು. ರೋಗದ ಗುರುತುಗಳೂ ಸಾಕಷ್ಟಿದ್ದವು. ಹಾಗಾದರೆ ‘ಸಹಜ ಗೊರಸು’ ಎಂದರೆ ಯಾವ ನೆಲದ ಸಹಜ? ಗ್ರೇಟ್ ಬೇಸಿನ್ನಿನ ಒಣ ಕಲ್ಲುನೆಲದ ಮಾದರಿಯನ್ನು ಬೆಲ್‌ರೋಸ್ ಇರುವ ಲಾಂಗ್ ಐಲೆಂಡಿನ ತೇವದ ಹುಲ್ಲುಗಾವಲಿಗೆ ಯಥಾವತ್ತಾಗಿ ತರಲಾಗದು ಎಂಬುದನ್ನು ಇಂದಿನ ಅನುಭವಸ್ಥರು ಒಪ್ಪುತ್ತಾರೆ.

ಕೆಲಸದ ಕ್ರಮ ಹೀಗೆ. ಹೆರೆಯುವವರು ಕುದುರೆ ನಡೆಯುವುದನ್ನು ಮೊದಲು ನೋಡುತ್ತಾರೆ: ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆಯೋ, ಮುಂತುದಿಯೋ. ಮುಂತುದಿ ಮೊದಲು ತಾಗಿದರೆ ಹಿಮ್ಮಡಿಯಲ್ಲಿ ನೋವಿರುವ ಶಂಕೆ. ಆಮೇಲೆ ಕಾಲನ್ನು ತೊಡೆಗಳ ನಡುವೆ ಹಿಡಿದು, ಕೊಕ್ಕೆಯಿಂದ ಸಗಣಿ ಮಣ್ಣು ಕೆರೆದು, ಅಂಗಾಲಿನ ನಡುವಿನ ತ್ರಿಕೋನದ ಮೆತ್ತನೆ ಭಾಗ ಕೊಳೆತಿದೆಯೇ ಎಂದು ಮೂಸಿಯೇ ತಿಳಿಯುತ್ತಾರೆ. ಉದ್ದ ಬೆಳೆದ ಗೋಡೆಯನ್ನು ಇಕ್ಕುಳದಿಂದ ಕತ್ತರಿಸಿ, ಅರದಿಂದ ಅಂಚನ್ನು ದುಂಡಗೆ ಉಜ್ಜುತ್ತಾರೆ. ಈ ದುಂಡಂಚಿಗೆ ಮಸ್ಟಾಂಗ್ ರೋಲ್ ಎಂದು ಹೆಸರು. ಅಂಗಾಲಿನ ಗಟ್ಟಿ ಪದರವನ್ನು ಸುಮ್ಮಸುಮ್ಮನೆ ಕೆತ್ತುವುದಿಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಇದು ಮರುಕಳಿಸಬೇಕು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಬೆಳೆಯುವುದರಿಂದ, ಕೆಟ್ಟ ಗೋಡೆ ಪೂರಾ ಹೋಗಿ ಹೊಸದು ಬರಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಲಾಳ ಕಿತ್ತ ಮೊದಲ ತಿಂಗಳುಗಳಲ್ಲಿ ಸವಾರಿಗೆ ಬೂಟು ತೊಡಿಸುವುದು ರೂಢಿ. ಮೇವಿನ ವಿಚಾರಣೆಯೂ ಇದರಲ್ಲೇ ಸೇರಿದೆ: ಸಕ್ಕರೆ, ಪಿಷ್ಟ ಹೆಚ್ಚಿರುವ ಹುಲ್ಲು ಕಾಳು ತಿನ್ನಿಸಿ ಲ್ಯಾಮಿನೈಟಿಸ್ ತರಿಸಿದರೆ ಅರ ಏನೂ ಮಾಡಲಾರದು.

ಈ ಕಸುಬು ಕಲಿಯಲು ಅಮೆರಿಕದಲ್ಲಿ ಒಂದೇ ಗೊತ್ತಾದ ದಾರಿಯಿಲ್ಲ. ಲಾಳದವರಿಗೆ 1971ರಲ್ಲಿ ಸ್ಥಾಪನೆಯಾದ ಅಮೆರಿಕನ್ ಫ್ಯಾರಿಯರ್ಸ್ ಅಸೋಸಿಯೇಷನ್ನಿನ ಪರೀಕ್ಷೆಗಳಿವೆ, ಅದೂ ಐಚ್ಛಿಕ. ನ್ಯೂಯಾರ್ಕ್ ರಾಜ್ಯದಲ್ಲೇ ಇಥಾಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜು ಲಾಳದ ವಿದ್ಯೆ ಕಲಿಸುತ್ತ ಬಂದಿದೆ. ಬರಿಗೊರಸಿನವರದು ಬೇರೆ ಸಂಘಗಳು, ಬೇರೆ ಪ್ರಮಾಣಪತ್ರಗಳು. ಕಲಿಯುವವರು ಸತ್ತ ಕುದುರೆಗಳ ಗೊರಸನ್ನು ಸೀಳಿ ಒಳರಚನೆ ನೋಡುತ್ತಾರೆ, ಅದರ ಮೇಲೇ ಕೈ ಪಳಗಿಸಿಕೊಂಡು ಆಮೇಲೆ ಹಿರಿಯರೊಬ್ಬರ ಹಿಂದೆ ಲಾಯದಿಂದ ಲಾಯಕ್ಕೆ ತಿರುಗುತ್ತಾರೆ. ಬ್ರಿಟನ್ನಿನ 1975ರ ಕಾಯಿದೆ ಲಾಳದವರಿಗೆ ನೋಂದಣಿ ಕಡ್ಡಾಯ ಮಾಡಿದರೂ, ಲಾಳ ಕೂರಿಸುವ ಉದ್ದೇಶವಿಲ್ಲದ ಹೆರೆತವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬೆಲ್‌ರೋಸ್ ಬಳಿಯ ರೇಸ್ ಲಾಯಕ್ಕೆ ಪರವಾನಗಿಯಿಲ್ಲದೆ ಕಾಲಿಡುವಂತಿಲ್ಲ. ಬೇಲಿಯಾಚೆಯ ಸವಾರಿ ಲಾಯಗಳಲ್ಲಿ ಮಾಲೀಕರು ನಂಬಿ ಕರೆದರೆ ಸಾಕು, ಯಾರು ಬೇಕಾದರೂ ಅರ ಹಿಡಿಯಬಹುದು.